ಬಟನ್ ಹಂಗೇ ಅದೆ, ಟೈರು ಸತ್ತಿದೆ

ಮೂರು ಹಂಗಾಮಿನ ಹಿಂದೆ, ರಾತ್ರಿ ಎಂಟರ ಹೊತ್ತು. ತೊಣ್ಣೂರು ಗೇಟಿಗೆ ಇನ್ನೊಂದು ಫರ್ಲಾಂಗ್ ಇದೆ ಅನ್ನುವಾಗ ಕಬ್ಬು ತುಂಬಿದ್ದ ನಮ್ಮ ಟ್ರೈಲರಿನ ಎಡಗಡೆ ಹಿಂದಿನ ಟೈರು ಸಿಡಿಯಿತು. ಹೊಲದಲ್ಲಿ ನೀರು ಕಟ್ಟುತ್ತಿದ್ದ ನನಗೆ ಪಟಾಕಿ ಹೊಡೆದ ಹಾಗೆ ಕೇಳಿಸಿತು. ಓಡಿಹೋಗಿ ನೋಡಿದರೆ ಟ್ರೈಲರ್ ಎಡಕ್ಕೆ ವಾಲಿ, ಡಿಸ್ಕು ಡಾಂಬರಿಗೆ ಕಚ್ಚಿ ನಿಂತಿದೆ. ಟ್ರ್ಯಾಕ್ಟರ್ ಮೇಲಿದ್ದ ತಮ್ಮ ಸ್ಟೇರಿಂಗ್ ಬಿಟ್ಟಿರಲಿಲ್ಲ. ಅವನಿಗೇನೂ ಆಗಲಿಲ್ಲ, ಎದುರಿಗೆ ಯಾರೂ ಇರಲಿಲ್ಲ. ಬೆಳಗಿನ ಜಾವದವರೆಗೂ ಅಷ್ಟೂ ಕಬ್ಬನ್ನು ಇಳಿಸಿ ಪಕ್ಕದ ಮನೆಯವರ ಟ್ರೈಲರಿಗೆ ತುಂಬಿದೆವು.

ಆ ರಾತ್ರಿ ಟಾರ್ಚ್ ಹಿಡಿದು ನೋಡಿದ ಟೈರು ನನ್ನ ಕಣ್ಣಿಂದ ಹೋಗಿಲ್ಲ. ನೆಲಕ್ಕೆ ಕೂರುವ ಭಾಗದಲ್ಲಿ ಬಟನ್ ಹೊಸದರಂತೆ ಆಳವಾಗಿತ್ತು. ಸಿಗಿದುಹೋಗಿದ್ದದ್ದು ಪಕ್ಕೆ. ಡಿಸ್ಕಿನ ಅಂಚಿನಿಂದ ಭುಜದವರೆಗೆ ಒಂದೂವರೆ ಗೇಣು ಸೀಳು, ಸೀಳಿನ ಬಾಯಲ್ಲಿ ಒಣಗಿದ ಹುರಿಯಂತೆ ನೈಲಾನ್ ಎಳೆಗಳು. ಉಳಿದ ಪಕ್ಕೆಯ ಮೇಲೆಲ್ಲ ಬೇಸಿಗೆಯ ಕೆರೆಯಂಗಳದ ಹಾಗೆ ಸಣ್ಣ ಸಣ್ಣ ಬಿರುಕು. ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಾಗ ಅಂಗಡಿಯಾತ ಹೇಳಿದ್ದು ಒಂದೇ ಮಾತು: “ಬಟನ್ ಹಂಗೇ ಅದೆ ಕಣಣ್ಣ, ಇನ್ನೆರಡು ಸೀಸನ್ ಬತ್ತದೆ.” ನಾವೂ ಬೆರಳಿಟ್ಟು ಬಟನ್ ನೋಡಿದೆವು, ಹೌದು ಅಂದುಕೊಂಡೆವು.

ನಮ್ಮ ಕಡೆ ಟೈರಿನ ವಿಚಾರದಲ್ಲಿ ಇರುವ ತಪ್ಪು ಕಲ್ಪನೆಗಳಲ್ಲಿ ಇದೇ ಮೊದಲನೆಯದು, ಇದೇ ದೊಡ್ಡದು. ಕಾರಿಗೆ, ಬಸ್ಸಿಗೆ ಈ ಲೆಕ್ಕ ಸುಮಾರಾಗಿ ಸರಿಹೋಗುತ್ತದೆ. ಅವು ದಿನವೂ ಓಡುತ್ತವೆ, ಮುಪ್ಪು ಬರುವ ಮೊದಲೇ ಬಟನ್ ಸವೆದಿರುತ್ತದೆ. ಕಬ್ಬಿನ ಟ್ರೈಲರ್ ಹಾಗಲ್ಲ. ಹಂಗಾಮಿನಲ್ಲಿ ಎದ್ದುಬಿದ್ದು ಓಡಿ, ಆಮೇಲೆ ತಿಂಗಳುಗಟ್ಟಲೆ ಹಿತ್ತಿಲಲ್ಲೋ ಕಣದಲ್ಲೋ ಬಿಸಿಲಿಗೆ ನಿಂತಿರುತ್ತದೆ. ಅದರ ಟೈರು ಸವೆದು ಸಾಯುವುದು ಅಪರೂಪ. ಅದು ಸಾಯುವುದು ವಯಸ್ಸಿನಿಂದ, ಕಾವಿನಿಂದ, ಹೊರೆಯಿಂದ. ಆ ಮೂರರ ಗುರುತೂ ಮೊದಲು ಕಾಣುವುದು ಪಕ್ಕೆಯಲ್ಲಿ.

ವಯಸ್ಸು ತಿಳಿಯಲು ಅಂಗಡಿಯವನ ಮಾತು ಬೇಕಿಲ್ಲ. ಪಕ್ಕೆಯ ಮೇಲೆ ಒಂದು ಚಿಕ್ಕ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 3618 ಅಂತಿದ್ದರೆ 2018ನೇ ಇಸವಿಯ 36ನೇ ವಾರದಲ್ಲಿ ತಯಾರಾದ ಟೈರು ಅಂತ ಅರ್ಥ. ಒಂದು ಪಕ್ಕೆಯಲ್ಲಿ ಕಾಣದಿದ್ದರೆ ಇನ್ನೊಂದು ಪಕ್ಕೆ ನೋಡಿ, ಟ್ರೈಲರ್ ಕೆಳಗೆ ತೂರಿಯಾದರೂ ಓದಿ. ಸಿಡಿದ ನಮ್ಮ ಟೈರಿನ ಅಂಕಿಯನ್ನು ನಾನು ಓದಿದ್ದು ಮಾರನೇ ದಿನ. ಕೊಂಡ ದಿನವೇ ಅದಕ್ಕೆ ಒಂಬತ್ತು ವರ್ಷ ತುಂಬಿತ್ತು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಿ, ಹತ್ತು ವರ್ಷ ಆದ ಮೇಲೆ ಚೆನ್ನಾಗಿ ಕಂಡರೂ ಬಿಚ್ಚಿಬಿಡಿ ಎಂದು ದೊಡ್ಡ ದೊಡ್ಡ ಟೈರ್ ಕಂಪನಿಗಳೇ ಹೇಳುತ್ತವೆ. ಹೊರೆ ಹೊರುವ ಟ್ರೈಲರಿಗೆ ಹತ್ತರವರೆಗೆ ಕಾಯುವುದು ತಪ್ಪು ಅನ್ನುವುದು ನನ್ನ ಅಭಿಪ್ರಾಯ.

“ಓಡಿಸದೇ ಇಟ್ಟಿದ್ದು, ಹೊಸದರ ಹಂಗೇ ಇರ್ತದೆ” ಅನ್ನುವುದು ಇದರ ತಮ್ಮನಂಥ ನಂಬಿಕೆ. ನಿಜ ಇದಕ್ಕೆ ತಲೆಕೆಳಗು. ಗಾಳಿಯಲ್ಲಿರುವ ಓಜೋನ್ ರಬ್ಬರನ್ನು ಬಿರಿಯಿಸುತ್ತದೆ. ಅದನ್ನು ತಡೆಯಲಿಕ್ಕೆ ಕಾರ್ಖಾನೆಯಲ್ಲೇ ರಬ್ಬರಿನೊಳಗೆ ಮೇಣದಂಥ ಪದಾರ್ಥಗಳನ್ನು ಬೆರೆಸಿರುತ್ತಾರೆ. ಟೈರು ಓಡುವಾಗ ಬಗ್ಗಿ ಬಗ್ಗಿ ಆ ಮೇಣ ಮೇಲಕ್ಕೆ ಬಂದು ತೆಳ್ಳಗೆ ಹರಡಿಕೊಳ್ಳುತ್ತದೆ, ಮೈಗೆ ಎಣ್ಣೆ ಸವರಿದ ಹಾಗೆ. ನಿಂತ ಟೈರಿಗೆ ಆ ಎಣ್ಣೆಸ್ನಾನ ಇಲ್ಲ. ಜೊತೆಗೆ ಒಂದೇ ಜಾಗದ ಮೇಲೆ ಭಾರ, ಒಂದೇ ಪಕ್ಕೆಗೆ ಪಡುವಣ ಬಿಸಿಲು. ಹಂಗಾಮು ಮುಗಿದ ಮೇಲೆ ಅಚ್ಚಿನ ಕೆಳಗೆ ಮರದ ತುಂಡು ಕೊಟ್ಟು ಚಕ್ರವನ್ನು ನೆಲದಿಂದ ಎತ್ತಿ, ಪಕ್ಕೆಗೆ ಗೋಣಿಚೀಲ ಮುಚ್ಚಿದರೆ ಟೈರಿನ ಆಯಸ್ಸು ಉಳಿಯುತ್ತದೆ. ಕರೆಂಟ್ ಮೋಟರ್ ಓಡುವ, ವೆಲ್ಡಿಂಗ್ ಮಾಡುವ ಜಾಗದ ಪಕ್ಕ ಟೈರು ಇಡಬೇಡಿ, ಅಲ್ಲಿ ಓಜೋನ್ ಹೆಚ್ಚು.

ಇನ್ನು ಪ್ಲೈ ವಿಚಾರ. “ಹದಿನಾರು ಪ್ಲೈ ಟೈರು, ಎಷ್ಟು ಹೇರಿದ್ರೂ ತಡೀತದೆ” ಅಂತ ಎದೆ ತಟ್ಟಿ ಹೇಳುವವರನ್ನು ಕಾರ್ಖಾನೆಯ ಸಾಲಿನಲ್ಲಿ ದಿನಾ ನೋಡಬಹುದು. ಪಕ್ಕೆಯ ಮೇಲೆ 16 ಪಿ.ಆರ್. ಅಂತ ಬರೆದಿದ್ದರೆ ಒಳಗೆ ಹದಿನಾರು ಪದರ ಇದೆ ಅಂತ ಅರ್ಥವಲ್ಲ. ಹತ್ತಿಯ ನೂಲಿನಲ್ಲಿ ಟೈರು ಮಾಡುತ್ತಿದ್ದ ಕಾಲಕ್ಕೆ ಪದರ ಎಣಿಸಿ ಬಲ ಹೇಳುತ್ತಿದ್ದರು. ನೈಲಾನ್ ಬಂದ ಮೇಲೆ ಅದಕ್ಕಿಂತ ಕಡಿಮೆ ಪದರದಲ್ಲೇ ಅಷ್ಟು ಬಲ ಸಿಗುತ್ತದೆ, ಅಂಕಿ ಮಾತ್ರ ಹಳೆಯ ಅಳತೆಯಾಗಿ ಉಳಿದಿದೆ. ಅದು ಹೇಳುವುದು ಇಷ್ಟೇ: ಇಂತಿಷ್ಟು ಗಾಳಿ ತುಂಬಿದರೆ ಇಂತಿಷ್ಟು ಭಾರ ಹೊರಬಲ್ಲೆ.

ಆ ಭಾರ ಎಷ್ಟು ಅನ್ನುವುದೂ ಪಕ್ಕೆಯಲ್ಲೇ ಇದೆ. ಕೆಲವು ಟೈರುಗಳಲ್ಲಿ ನೇರವಾಗಿ ಕಿಲೋ ಲೆಕ್ಕದಲ್ಲಿರುತ್ತದೆ, ಕೆಲವದರಲ್ಲಿ ಒಂದು ಸಂಕೇತದ ಅಂಕಿ. ಆ ಅಂಕಿ 130 ಇದ್ದರೆ 1,900 ಕಿಲೋ, 140 ಇದ್ದರೆ 2,500 ಕಿಲೋ, 150 ಇದ್ದರೆ 3,350 ಕಿಲೋ, ಒಂದು ಟೈರಿಗೆ. ಪಕ್ಕದ ಅಕ್ಷರ ವೇಗದ್ದು. ಎ8 ಅಂದರೆ ಗಂಟೆಗೆ 40 ಕಿಲೋಮೀಟರ್, ಅದಕ್ಕಿಂತ ಹೆಚ್ಚಿಗೆ ಆ ಟೈರು ಹುಟ್ಟಿಲ್ಲ. ಕಬ್ಬು ಇಳಿಸಿ ಖಾಲಿ ಟ್ರೈಲರನ್ನು ಕುಣಿಸಿಕೊಂಡು ಬರುವ ಹುಡುಗರಿಗೆ ಈ ಅಕ್ಷರ ತೋರಿಸಬೇಕು. ಎ.ಡಿ.ವಿ. ಅಂತ ಅಚ್ಚಾಗಿದ್ದರೆ ಅದು ಎತ್ತಿನ ಗಾಡಿಯ ಟೈರು, ಎತ್ತಿನ ನಡಿಗೆಗೆ ಮಾಡಿದ್ದು. ಅಗ್ಗಕ್ಕೆ ಸಿಕ್ಕಿತು ಅಂತ ಟ್ರ್ಯಾಕ್ಟರ್ ಎಳೆಯುವ ಟ್ರೈಲರಿಗೆ ಹಾಕಬಾರದು.

ಒಂದು ವಿಷಯದಲ್ಲಿ ಕಬ್ಬು ಬೆಳೆಯುವವರು ಪುಣ್ಯವಂತರು. ತಾನು ಎಷ್ಟು ಹೊರೆ ಎಳೆಯುತ್ತಿದ್ದೇನೆ ಅನ್ನುವುದು ಬೇರೆ ಟ್ರೈಲರಿನವರಿಗೆ ಅಂದಾಜು ಮಾತ್ರ, ನಮಗೆ ಕಾಟಾ ಚೀಟಿ ಜೇಬಿನಲ್ಲೇ ಇರುತ್ತದೆ. ನಾವು ಅದನ್ನು ದುಡ್ಡಿನ ಲೆಕ್ಕಕ್ಕೆ ಮಾತ್ರ ನೋಡುತ್ತೇವೆ. ಒಮ್ಮೆ ಟೈರಿನ ಲೆಕ್ಕಕ್ಕೂ ನೋಡಿ. ತುಂಬಿದ ಗಾಡಿಯ ಒಟ್ಟು ತೂಕ 14 ಟನ್ ಬಂತು, ಟ್ರ್ಯಾಕ್ಟರಿನದು 2 ಟನ್ ಕಳೆದಿರಿ ಅನ್ನಿ. ಉಳಿದ 12 ಟನ್ ನಾಲ್ಕು ಚಕ್ರದ ಟ್ರೈಲರಿನಲ್ಲಿ ಹಂಚಿದರೆ ಚಕ್ರಕ್ಕೆ 3 ಟನ್. ಟೈರಿನ ಮೇಲೆ 140 ಇದ್ದರೆ ಅರ್ಧ ಟನ್ ಹೆಚ್ಚಾಯಿತು. ಎರಡು ಚಕ್ರದ ಟ್ರೈಲರಿನಲ್ಲಿ ಸ್ವಲ್ಪ ಭಾರ ಕೊಂಡಿಯ ಮೂಲಕ ಟ್ರ್ಯಾಕ್ಟರ್ ಮೇಲೆ ಕೂರುತ್ತದೆ, ಮಿಕ್ಕಿದ್ದೆಲ್ಲ ಆ ಎರಡರ ಮೇಲೇ. ನಿಧಾನಕ್ಕೆ ಓಡುವ ಟೈರಿಗೆ ಕಂಪನಿಯ ಪಟ್ಟಿ ಸ್ವಲ್ಪ ಹೆಚ್ಚಿನ ಭಾರಕ್ಕೆ ಒಪ್ಪಿಗೆ ಕೊಡುವುದುಂಟು, ಕೊಳ್ಳುವಾಗ ಆ ಪಟ್ಟಿ ಕೇಳಿ ನೋಡಿ. ಆದರೆ ಸಮವಾಗಿ ಹಂಚಿಕೆ ಅನ್ನುವುದು ಕಾಗದದ ಮೇಲಿನ ಮಾತು. ರಸ್ತೆ ಅಂಚಿಗೆ ಇಳಿದ ಕೂಡಲೇ ತಗ್ಗಿನ ಕಡೆಯ ಚಕ್ರಕ್ಕೆ ಭಾರ ಜಾರುತ್ತದೆ. ನಮ್ಮದೂ ಸಿಡಿದದ್ದು ಎಡಗಡೆಯದೇ.

ಮರಳು, ಎಂ ಸ್ಯಾಂಡ್ ಹೊಡೆಯುವವರು ಇನ್ನೂ ಎಚ್ಚರವಾಗಿರಬೇಕು. ಕಬ್ಬಾದರೆ ಎತ್ತರ ನೋಡಿದರೆ ಹೊರೆ ಗೊತ್ತಾಗುತ್ತದೆ, ಒದ್ದೆ ಮರಳು ಕಣ್ಣಿಗೆ ಕಾಣುವುದೇ ಇಲ್ಲ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಪೆಟ್ಟಿಗೆ ಅಂಚಿನ ಮಟ್ಟಕ್ಕೆ ತುಂಬಿದರೇ ಸುಮಾರು 6 ಟನ್.

ಗಾಳಿಯ ವಿಚಾರಕ್ಕೆ ಬರುತ್ತೇನೆ. ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಮಿಕ್ಕಿದ್ದು ತಾನಾಗಿ ಅರ್ಥವಾಗುತ್ತದೆ. “ಬಿಸಿಲು ಕಾಲ, ಗಾಳಿ ಕಮ್ಮಿ ಹೊಡಿ, ಇಲ್ದಿದ್ರೆ ಒಡೆದೋಯ್ತದೆ” ಅನ್ನುವ ಮಾತು ಪಂಚರ್ ಅಂಗಡಿಯಲ್ಲೇ ಕೇಳಿಸುತ್ತದೆ. ಬೇಲಿ ತಂತಿಯನ್ನು ಕೈಯಲ್ಲೇ ಮುರಿಯಬೇಕಾದರೆ ಏನು ಮಾಡುತ್ತೇವೆ? ಅತ್ತ ಇತ್ತ ಬಗ್ಗಿಸುತ್ತೇವೆ. ಹತ್ತು ಸಲ ಬಗ್ಗಿಸುವಷ್ಟರಲ್ಲಿ ಬಗ್ಗಿದ ಜಾಗ ಮುಟ್ಟಲಾಗದಷ್ಟು ಕಾಯುತ್ತದೆ, ಆಮೇಲೆ ಪಟಕ್ಕನೆ ಮುರಿಯುತ್ತದೆ. ಟೈರಿನ ಪಕ್ಕೆಯ ಕಥೆಯೂ ಅದೇ. ಚಕ್ರದ ಪ್ರತಿ ಸುತ್ತಿಗೂ ನೆಲದ ಹತ್ತಿರ ಬಂದ ಪಕ್ಕೆ ಬಗ್ಗುತ್ತದೆ, ಮೇಲೆ ಹೋದಾಗ ನೇರವಾಗುತ್ತದೆ. ಗಾಳಿ ಕಡಿಮೆಯಾದಷ್ಟೂ ಬಗ್ಗುವುದು ಹೆಚ್ಚು, ಬಗ್ಗಿದಷ್ಟೂ ಕಾವು ಹೆಚ್ಚು. ಒಳಗಿನ ನೂಲಿಗೂ ರಬ್ಬರಿಗೂ ಇರುವ ಅಂಟು ಆ ಕಾವಿಗೆ ಬಿಡುತ್ತಾ ಬರುತ್ತದೆ. ಟ್ರೈಲರನ್ನು ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ಗಾಳಿ ಕಡಿಮೆ ಮಾಡಿದ ಟೈರು ಬಿಸಿಲಿನಲ್ಲಿ ಬೇಗ ಸಿಡಿಯುತ್ತದೆಯೇ ಹೊರತು ಉಳಿಯುವುದಿಲ್ಲ.

ಓಡಿ ಬಂದ ಟೈರಿನಲ್ಲಿ ಗಾಳಿ ನೋಡಿದರೆ ನಾಲ್ಕಾರು ಪಾಯಿಂಟ್ ಜಾಸ್ತಿ ತೋರಿಸುತ್ತದೆ. ಕಾವಿಗೆ ಗಾಳಿ ಹಿಗ್ಗುವುದು ಸಹಜ, ಟೈರು ಮಾಡಿದವರಿಗೆ ಅದು ಗೊತ್ತಿದೆ. ಅದನ್ನು ನೋಡಿ ಹೆದರಿ ಗಾಳಿ ಬಿಟ್ಟರೆ, ತಣ್ಣಗಾದ ಮೇಲೆ ಬೇಕಾದ್ದಕ್ಕಿಂತ ಕಡಿಮೆ ಉಳಿಯುತ್ತದೆ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ಟೈರು ತಣ್ಣಗಿರುವಾಗ ಅಳೆಯಿರಿ. ಇರಬೇಕಾದ್ದರಲ್ಲಿ ಐದನೇ ಒಂದು ಪಾಲು ಇಳಿದಿದ್ದ ಟೈರನ್ನು ಹೊರೆಯೊಂದಿಗೆ ಓಡಿಸಿಬಿಟ್ಟಿದ್ದರೆ ಸುಮ್ಮನೆ ಗಾಳಿ ಹೊಡೆಸಿ ಮುಂದೆ ಹೋಗಬೇಡಿ, ಬಿಚ್ಚಿಸಿ ಒಳಗಡೆ ನೋಡಿಸಿ. ಒದೆದು ನೋಡಿದರೆ, ಕೋಲಿನಲ್ಲಿ ಬಡಿದರೆ ಗಾಳಿ ಗೊತ್ತಾಗುತ್ತದೆ ಅನ್ನುವುದು ಸುಳ್ಳು. ಪೂರ್ತಿ ಇಳಿದದ್ದು ಗೊತ್ತಾಗಬಹುದು, 80 ಇರಬೇಕಾದಲ್ಲಿ 60 ಇರುವುದು ಯಾರ ಕಾಲಿಗೂ ತಿಳಿಯುವುದಿಲ್ಲ. ಒಂದು ಗೇಜ್ ಕೊಂಡು ಟೂಲ್ ಬಾಕ್ಸಿನಲ್ಲಿಡಿ.

ದೂರವೂ ಇಲ್ಲಿ ಸೇರುತ್ತದೆ. ಕಾವು ಏರಲು ಹೊತ್ತು ಬೇಕು, ಹೊಲದಿಂದ ಆಲೆಮನೆಗೆ ಹೋಗುವಷ್ಟರಲ್ಲಿ ಏರುವುದಿಲ್ಲ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತಿದ್ದ ವರ್ಷಗಳಲ್ಲಿ, 2020ರಲ್ಲಿ ಅದು ಗುತ್ತಿಗೆಯ ಮೇಲೆ ಮತ್ತೆ ಶುರುವಾಗುವವರೆಗೆ, ಈ ಭಾಗದ ಕಬ್ಬು ದೂರದ ಕಾರ್ಖಾನೆಗಳ ದಾರಿ ಹಿಡಿಯಬೇಕಾಗಿತ್ತು. ಊರೊಳಗೆ ವರ್ಷಗಟ್ಟಲೆ ತಡೆದಿದ್ದ ಟೈರು ಅಂಥ ಒಂದೇ ದೂರದ ಓಟದಲ್ಲಿ ಹೋಯಿತು ಅಂದರೆ ಆಶ್ಚರ್ಯವಿಲ್ಲ. “ಇಷ್ಟು ದಿನ ಏನೂ ಆಗಿರಲಿಲ್ಲ” ಅನ್ನುವುದು ಟೈರಿನ ಮಟ್ಟಿಗೆ ಸಾಕ್ಷಿಯೇ ಅಲ್ಲ.

ಸಾರಜನಕ ತುಂಬಿಸಿದರೆ ಟೈರು ಸಿಡಿಯಲ್ಲ ಅಂತಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ಸಾರಜನಕ ಇದೆ. ಆ ದುಡ್ಡಿಗೆ ಹೊಸ ಟ್ಯೂಬು, ಫ್ಲ್ಯಾಪು ಹಾಕಿಸಿ. ಹಳೇ ಟ್ಯೂಬು ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಮಡಿಕೆ ಬಿದ್ದು ಮಡಿಕೆಯಲ್ಲೇ ಉಜ್ಜಿ ತೂತಾಗುತ್ತದೆ. ರೀಸೋಲ್ ಟೈರೆಲ್ಲ ಕೆಟ್ಟದ್ದು ಅನ್ನುವುದೂ ಪೂರ್ತಿ ನಿಜವಲ್ಲ, ವಿಮಾನದ ಟೈರುಗಳನ್ನೇ ಎಷ್ಟೋ ಸಲ ರೀಸೋಲ್ ಮಾಡುತ್ತಾರೆ. ಪ್ರಶ್ನೆ ಇರುವುದು ಒಳಗಿನ ಮೈಯದ್ದು. ಹಳೇ ಬಿರುಕು ಪಕ್ಕೆಗೆ ಹೊಸ ಬಟನ್ ಅಂಟಿಸಿದರೆ ಅದು ನಮಗಾದ ಮೋಸದ ಇನ್ನೊಂದು ರೂಪ. ಒಂದೇ ಅಚ್ಚಿನಲ್ಲಿ ಒಂದು ಕಡೆ ನೈಲಾನ್, ಇನ್ನೊಂದು ಕಡೆ ರೇಡಿಯಲ್ ಹಾಕುವುದು, ಒಂದು ಎತ್ತರ ಒಂದು ಗಿಡ್ಡ ಹಾಕುವುದು ಎರಡೂ ಬೇಡ.

ಲಾಕ್ ರಿಂಗ್ ಇರುವ ಡಿಸ್ಕಿನ ಬಗ್ಗೆ ಕೈಮುಗಿದು ಒಂದು ಮಾತು. ಗಾಳಿ ತುಂಬುವಾಗ ರಿಂಗ್ ಸರಿಯಾಗಿ ಕೂತಿಲ್ಲದಿದ್ದರೆ ಅದು ಕವಣೆ ಕಲ್ಲಿನಂತೆ ಹಾರುತ್ತದೆ, ಎದುರಿಗಿದ್ದವರ ಜೀವ ಹೋಗುತ್ತದೆ. ಕಬ್ಬಿಣದ ಪಂಜರದೊಳಗಿಟ್ಟು, ಅದಿಲ್ಲದಿದ್ದರೆ ಗಟ್ಟಿ ಸರಪಳಿ ಸುತ್ತಿ, ಉದ್ದ ಪೈಪಿನಿಂದ ದೂರ ನಿಂತು ತುಂಬಬೇಕು. ಪಂಚರ್ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗ ಟೈರಿನ ಮೇಲೆ ಬಗ್ಗಿಕೊಂಡು ಗಾಳಿ ಹೊಡೆಯುತ್ತಿದ್ದರೆ ನಿಮ್ಮ ಮಗನಿಗೆ ಹೇಳಿದ ಹಾಗೆ ಗದರಿ ಪಕ್ಕಕ್ಕೆ ಕರೆಯಿರಿ.

ನಮ್ಮ ರಸ್ತೆಗಳಲ್ಲಿ ತಪ್ಪಿಗೆ ಜಾಗ ಕಡಿಮೆ. 2018ರ ನವೆಂಬರ್ 24ರಂದು ನಮ್ಮ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ಹೋದರು. ಅದಕ್ಕೂ ಟೈರಿಗೂ ನಾನು ಗಂಟು ಹಾಕುತ್ತಿಲ್ಲ. ಆದರೆ ಆ ದಿನದಿಂದ ನಾಲೆ ಏರಿಯ ಮೇಲೆ ಹೊರೆ ಗಾಡಿ ಹೋಗುವುದನ್ನು ಕಂಡಾಗ ನನ್ನ ಕಣ್ಣು ಮೊದಲು ನೀರಿನ ಕಡೆಯ ಚಕ್ರಕ್ಕೆ ಹೋಗುತ್ತದೆ. ಅದೇ ಟ್ರೈಲರಿನಲ್ಲಿ ಹೆಂಗಸರು ಮಕ್ಕಳನ್ನು ಕೂರಿಸಿಕೊಂಡು ಬೀಗರೂಟಕ್ಕೆ ಹೋಗುವುದನ್ನು ಕಂಡರೆ ಎದೆ ಝಲ್ಲೆನ್ನುತ್ತದೆ.

ಈ ಸಲ ಮಳೆಗಾಲದ ಹಂಗಾಮಿಗೆ ಮೊದಲು ತಮ್ಮನೂ ನಾನೂ ನಾಲ್ಕೂ ಟೈರಿನ ಅಂಕಿ ಓದಿ ಗೋಡೆಯ ಮೇಲೆ ಮಸಿಯಲ್ಲಿ ಬರೆದೆವು. ಮೂರು ಸರಿಯಾಗಿವೆ. ಬಲಗಡೆ ಹಿಂದಿನದು 0917. ಬಟನ್ ಇನ್ನೂ ಬೆರಳಿನ ಅರ್ಧ ಗೆಣ್ಣು ಮುಳುಗುವಷ್ಟಿದೆ, ಭುಜದ ಹತ್ತಿರ ಕೂದಲೆಳೆಯಂಥ ಬಿರುಕು ಶುರುವಾಗಿದೆ. ಸೋಮವಾರ ಅದನ್ನು ಬಿಚ್ಚಿಸುತ್ತೇವೆ. ಬೇರೆ ಯಾರ ಟ್ರೈಲರಿಗೂ ಹೋಗದ ಹಾಗೆ, ಆಲೆಮನೆಯ ಒಲೆಗೂ ಬೀಳದ ಹಾಗೆ ಪಕ್ಕೆಗೆ ಕತ್ತಿ ಹಾಕಿ, ಎಮ್ಮೆ ಕೊಟ್ಟಿಗೆಯ ಮುಂದೆ ಬಾನಿಯ ಆಸರೆಗೆ ಹೂಳುವುದು ಅಂತ ತಮ್ಮ ಹೇಳಿದ್ದಾನೆ.