ಬಿಲ್ಲು ಬರುವವರೆಗೆ ದೇವರೇ ಗತಿಯೇ?

ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ ಅಥವಾ ಮುಂಡರಗಿಯ ಕಡೆಗೆ ಹೊರಟವರಿಗೆ ದಾರಿಯುದ್ದಕ್ಕೂ ಕಾಮಗಾರಿ ಫಲಕಗಳು ಕಾಣಸಿಗುತ್ತವೆ. ಶಾಲಾ ಕೊಠಡಿ, ಚರಂಡಿ, ಅಡ್ಡ ಮೋರಿ, ಸಿಮೆಂಟ್ ರಸ್ತೆ, ಅಂಗನವಾಡಿ ಕಟ್ಟಡ ಹೀಗೆ ಒಂದೊಂದು ಫಲಕದ ಮೇಲೂ ಅಂದಾಜು ಮೊತ್ತ, ಇಲಾಖೆಯ ಹೆಸರು ಹಾಗೂ ಕೊನೆಯಲ್ಲಿ ಗುತ್ತಿಗೆದಾರರ ಹೆಸರು ಇರುತ್ತದೆ. ಆ ಕೊನೆಯ ಸಾಲನ್ನು ಓದುವವರು ಕಡಿಮೆ. ಓದಿದರೆ, ಹಲವು ಸಂಸ್ಥೆಗಳಿಗೆ ಊರ ದೇವರ ಹೆಸರೋ, ಮನೆತನದ ಗುರುಗಳ ಹೆಸರೋ, ತಾಯಿಯ ಹೆಸರೋ ಇರುವುದು ಗಮನಕ್ಕೆ ಬರುತ್ತದೆ. ಇದು ಕೇವಲ ಶುಭಶಕುನಕ್ಕಾಗಿ ಇಟ್ಟ ಹೆಸರಲ್ಲ. ಸಣ್ಣ ಗುತ್ತಿಗೆದಾರನ ವೃತ್ತಿ ನಿಂತಿರುವುದೇ ದೈವಶ್ರದ್ಧೆ ಮತ್ತು ಕುಟುಂಬ ಎಂಬ ಎರಡು ಆಧಾರಗಳ ಮೇಲೆ. ಮೂರನೆಯ ಆಧಾರವಾಗಬೇಕಿದ್ದ ಸರ್ಕಾರ ಮಾತ್ರ ಕಾಲಕ್ಕೆ ಸರಿಯಾಗಿ ಒದಗುತ್ತಿಲ್ಲ.

ಗುತ್ತಿಗೆದಾರ ಎಂದೊಡನೆ ನಗರದ ಓದುಗರ ಮನಸ್ಸಿನಲ್ಲಿ ಮೂಡುವ ಚಿತ್ರ ಬೇರೆ. ದೊಡ್ಡ ಕಾರು, ಶಾಸಕರ ಸಖ್ಯ, ಮೊದಲ ಮಳೆಗೇ ಕಿತ್ತುಹೋಗುವ ಡಾಂಬರು. ಆ ಚಿತ್ರಕ್ಕೆ ಕಾರಣಗಳಿಲ್ಲವೆಂದು ನಾನು ಹೇಳಲಾರೆ. ಆದರೆ ಮೂರು ದಶಕ ಆಡಳಿತದಲ್ಲಿದ್ದು, ಬಿಲ್ಲು ಮಂಜೂರು ಮಾಡುವ ಬದಿಯಲ್ಲಿ ಕುಳಿತು ನೋಡಿದ ನನಗೆ ಈ ವರ್ಗದೊಳಗೇ ಇನ್ನೊಂದು ವರ್ಗ ಕಂಡಿದೆ. ಲೋಕೋಪಯೋಗಿ ಇಲಾಖೆಯಲ್ಲಿ ಮೂರನೇ ಅಥವಾ ನಾಲ್ಕನೇ ದರ್ಜೆಯ ನೋಂದಣಿ ಪಡೆದು, ವರ್ಷಕ್ಕೆ ಒಂದೆರಡು ಕಾಮಗಾರಿ ಮಾಡಿ ಸಂಸಾರ ತೂಗಿಸುವವರ ವರ್ಗ ಅದು.

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರಚನೆಯಾದ ಗದಗ ಜಿಲ್ಲೆಯಲ್ಲಿ ಬೆಟಗೇರಿಯ ಮಗ್ಗ, ಗದುಗಿನ ಮುದ್ರಣಾಲಯಗಳನ್ನು ಬಿಟ್ಟರೆ ಹೇಳಿಕೊಳ್ಳುವಂಥ ಉದ್ಯಮಗಳು ಹೆಚ್ಚಿಲ್ಲ. ಎರೆ ಭೂಮಿಯ ಒಕ್ಕಲುತನ ಬಹುಮಟ್ಟಿಗೆ ಮಳೆಯನ್ನೇ ನಂಬಿದೆ. ಇಂಥ ಕಡೆ ಒಬ್ಬ ಮಗ ಹೊಲದಲ್ಲಿ ಉಳಿದರೆ, ಗೌಂಡಿ ಕೆಲಸ ಬಲ್ಲ ಅಥವಾ ಡಿಪ್ಲೊಮಾ ಓದಿದ ಇನ್ನೊಬ್ಬ ಮಗ ಗುತ್ತಿಗೆಗೆ ಇಳಿಯುವುದು ಮನೆತನವೊಂದು ತನ್ನ ಅಪಾಯವನ್ನು ಹಂಚಿಕೊಳ್ಳುವ ವಿಧಾನ. ಮಳೆ ಕೈಕೊಟ್ಟರೆ ಬಿಲ್ಲು, ಬಿಲ್ಲು ಕೈಕೊಟ್ಟರೆ ಬೆಳೆ ಎಂಬ ಎಣಿಕೆ ಅದರ ಹಿಂದಿದೆ. ಮುಂಡರಗಿ ಕಡೆಯ ಹಿರಿಯ ಗುತ್ತಿಗೆದಾರರೊಬ್ಬರು ಒಮ್ಮೆ ನನಗೆ ಹೇಳಿದ್ದರು: ‘ಸಾಹೇಬ್ರ, ಬಿಲ್ಲು ಅಂದ್ರ ಮಳಿ ಇದ್ದಾಂಗ ರೀ. ಬರತೈತಿ ಅನ್ನೋದು ಖರೆ, ಯಾವಾಗ ಅನ್ನೋದು ಶಿವನಿಗೇ ಗೊತ್ತು.’ ಎರಡನ್ನೂ ಶಿವನಿಗೇ ಬಿಟ್ಟ ಮೇಲೆ ಅಪಾಯ ಹಂಚಿಕೊಂಡಂತೆ ಆಗುವುದಾದರೂ ಹೇಗೆ?

<b>ಲಾಭ ಕರಗುವ ಲೆಕ್ಕ</b>

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಒಂದು ಸರಳ ಲೆಕ್ಕವನ್ನು ಓದುಗರ ಮುಂದಿಡುತ್ತೇನೆ. ₹20 ಲಕ್ಷದ ಒಂದು ಕಾಮಗಾರಿಯನ್ನು ಊಹಿಸಿಕೊಳ್ಳೋಣ. ಪ್ರಾಮಾಣಿಕವಾಗಿ ಕೆಲಸ ಮಾಡಿದರೆ ₹18 ಲಕ್ಷ ಖರ್ಚಾಗಿ ₹2 ಲಕ್ಷ ಉಳಿಯುತ್ತದೆ ಎಂದುಕೊಳ್ಳೋಣ. ಖರ್ಚಿನ ಅರ್ಧದಷ್ಟನ್ನು, ಅಂದರೆ ₹9 ಲಕ್ಷವನ್ನು, ಊರಿನಲ್ಲಿ ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿಗೆ ತಂದಿದ್ದರೆ ಬಡ್ಡಿಯೇ ತಿಂಗಳಿಗೆ ₹18 ಸಾವಿರವಾಗುತ್ತದೆ. ಬಿಲ್ಲು ಹನ್ನೊಂದು ತಿಂಗಳು ತಡವಾದರೆ ಲಾಭವೆಲ್ಲ ಬಡ್ಡಿಗೆ ಹೋಯಿತು. ಹನ್ನೆರಡನೆಯ ತಿಂಗಳಿನಿಂದ ಆತ ತನ್ನ ಕೈಯಿಂದ ಸರ್ಕಾರಕ್ಕೆ ರಸ್ತೆ ಮಾಡಿಕೊಟ್ಟಂತೆ.

ಬಿಲ್ಲು ಬಂದಾಗಲೂ ಪೂರ್ತಿ ಹಣ ಕೈಸೇರುವುದಿಲ್ಲ. ಆದಾಯ ತೆರಿಗೆಯ ಬಾಬತ್ತು ವೈಯಕ್ತಿಕ ಗುತ್ತಿಗೆದಾರರಿಗೆ ಶೇ 1, ಜಿಎಸ್‌ಟಿ ಮೂಲದಲ್ಲಿ ಶೇ 2, ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಶೇ 1 ಕಡಿತವಾಗುತ್ತವೆ. ಅವುಗಳ ಮೇಲೆ ಭದ್ರತಾ ಠೇವಣಿಯ ಭಾಗ ದೋಷ ಹೊಣೆಗಾರಿಕೆ ಅವಧಿ ಮುಗಿಯುವವರೆಗೆ ಇಲಾಖೆಯಲ್ಲೇ ಉಳಿಯುತ್ತದೆ. ಈ ಕಡಿತಗಳು ತಪ್ಪಲ್ಲ. ಅವುಗಳಿಗೆ ಉದ್ದೇಶವಿದೆ, ನಿಯಮವಿದೆ, ದಿನಾಂಕವಿದೆ. ಗುತ್ತಿಗೆದಾರ ಸರ್ಕಾರಕ್ಕೆ ಸಲ್ಲಿಸಬೇಕಾದ ಪ್ರತಿಯೊಂದಕ್ಕೂ ದಿನಾಂಕವಿರುವಾಗ ಸರ್ಕಾರ ಆತನಿಗೆ ಸಲ್ಲಿಸಬೇಕಾದುದಕ್ಕೆ ಮಾತ್ರ ‘ಅನುದಾನ ಲಭ್ಯತೆಯ ಮೇರೆಗೆ’ ಎಂಬ ಒಕ್ಕಣೆ ಏಕೆ ಎಂಬುದಷ್ಟೇ ಪ್ರಶ್ನೆ.

<b>ಮನೆಯೇ ಬ್ಯಾಂಕು</b>

ಈ ಅಂತರವನ್ನು ತುಂಬುವುದು ಕುಟುಂಬ. ಟೆಂಡರಿನ ಮುಂಗಡ ಠೇವಣಿಗೆ ತಾಯಿಯ ಬಂಗಾರ, ಮೊದಲ ಲೋಡು ಸಿಮೆಂಟಿಗೆ ಅಣ್ಣನ ಹತ್ತಿಯ ಹಣ, ಸ್ಥಳದಲ್ಲಿ ನಿಂತು ಕೆಲಸ ನೋಡಿಕೊಳ್ಳಲು ಅಳಿಯ, ಕೂಲಿಯವರ ಹಾಜರಿ ಮತ್ತು ಲೆಕ್ಕಕ್ಕೆ ಹೆಂಡತಿ. ದೊಡ್ಡ ಕಂಪನಿಗಳು ಸಂಬಳ ಕೊಟ್ಟು ಪಡೆಯುವ ನಂಬಿಕೆಯನ್ನು ಸಣ್ಣ ಗುತ್ತಿಗೆದಾರ ಮನೆಯೊಳಗೇ ಪಡೆಯುತ್ತಾನೆ. ಬಿಲ್ಲು ತಡವಾದಾಗ ನಷ್ಟವನ್ನು ಹೊರುವುದೂ ಇದೇ ಮನೆ. ಬಂಗಾರ ಬಿಡಿಸಿಕೊಳ್ಳಲಾಗದೆ ಹರಾಜಿಗೆ ಬರುತ್ತದೆ, ಮಗಳ ಮದುವೆ ಮುಂದಿನ ವರ್ಷಕ್ಕೆ ಹೋಗುತ್ತದೆ, ಹೊಲದ ಪಹಣಿಯಲ್ಲಿ ಸಾಲದ ನಮೂದು ಕೂರುತ್ತದೆ. ಸರ್ಕಾರದ ಯಾವ ಆಯವ್ಯಯ ಪತ್ರದಲ್ಲಿಯೂ ಕಾಣದ ಸಾಲ ಇದು. ರಾಜ್ಯದ ಕೊರತೆಯನ್ನು ಸಾವಿರಾರು ಅಡುಗೆಮನೆಗಳು ಬಡ್ಡಿಯಿಲ್ಲದೆ ಭರಿಸುತ್ತಿವೆ.

ಅಡವಿಡಲು ಬಂಗಾರವೂ ಹೊಲವೂ ಇಲ್ಲದವರ ಪಾಡನ್ನು ಪ್ರತ್ಯೇಕವಾಗಿ ನೋಡಬೇಕು. ಕಲ್ಲು ಒಡೆಯುವ, ಕೆರೆ ಕಟ್ಟುವ ಕಸುಬನ್ನು ತಲೆಮಾರುಗಳಿಂದ ಬಲ್ಲ ಭೋವಿಗಳು, ಕೂಲಿಗಾಗಿ ಗುಳೆ ಹೋಗುತ್ತಿದ್ದ ತಾಂಡಾಗಳ ಲಂಬಾಣಿಗರು ಈ ಭಾಗದಲ್ಲಿ ಗಣನೀಯ ಸಂಖ್ಯೆಯಲ್ಲಿದ್ದಾರೆ. ಪಾರದರ್ಶಕತೆ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿ, ₹50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95ರಷ್ಟನ್ನು ಮೀಸಲಿಟ್ಟಿತು. 2023ರಲ್ಲಿ ಆ ಮಿತಿ ₹1 ಕೋಟಿಗೆ ಏರಿತು. ಅಪ್ಪ ಕೂಲಿಯಾಗಿ ಹೊತ್ತ ಕಲ್ಲನ್ನು ಮಗ ಗುತ್ತಿಗೆದಾರನಾಗಿ ಅಳೆಸುವಂತಾದದ್ದು ಸಣ್ಣ ಬದಲಾವಣೆಯಲ್ಲ. ಆದರೆ ಮೀಸಲಾತಿ ಕೆಲಸ ಕೊಟ್ಟಿತೇ ಹೊರತು ದುಡಿಯುವ ಬಂಡವಾಳ ಕೊಡಲಿಲ್ಲ. ಹಿಂದೆ ನಿಲ್ಲುವ ಆಸ್ತಿವಂತ ಕುಟುಂಬವಿಲ್ಲದ ಮೊದಲ ತಲೆಮಾರಿನ ಗುತ್ತಿಗೆದಾರ, ಒಂದೇ ಒಂದು ಬಾಕಿ ಬಿಲ್ಲಿಗೆ ಸಿಕ್ಕು ತನ್ನ ಹೆಸರಿನ ಕೆಲಸವನ್ನು ಹಣವಂತರಿಗೆ ವಹಿಸಿ, ತಾನು ಅಲ್ಪ ಕಮಿಷನ್ನಿಗೆ ತೃಪ್ತಿಪಡುವ ಸ್ಥಿತಿಗೆ ಇಳಿಯುತ್ತಾನೆ. ಕಾಯ್ದೆಯ ಆಶಯ ಸೋಲುವುದು ಟೆಂಡರಿನಲ್ಲಲ್ಲ, ಬಟವಾಡೆಯಲ್ಲಿ.

<b>ಶ್ರದ್ಧೆಯ ಎರಡು ಮುಖ</b>

ಇನ್ನು ದೈವಶ್ರದ್ಧೆಯ ಮಾತು. ಗದುಗಿನ ತೋಂಟದಾರ್ಯ ಮಠ, ಮುಂಡರಗಿಯ ಅನ್ನದಾನೀಶ್ವರ ಮಠ, ಹಿಂದೂ-ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠ, ಲಕ್ಷ್ಮೇಶ್ವರದ ಸೋಮೇಶ್ವರ ಇವು ಈ ಸೀಮೆಯ ಜನರ ನಿತ್ಯಜೀವನದ ಭಾಗ. ಭೂಮಿಪೂಜೆಯಿಲ್ಲದೆ ಬುನಾದಿ ತೋಡುವುದಿಲ್ಲ, ಮೊದಲ ಬಿಲ್ಲಿನಲ್ಲಿ ದಾಸೋಹಕ್ಕೆ ಒಂದು ಪಾಲು ಎತ್ತಿಡದೆ ಮನೆಗೆ ಹೋಗುವುದಿಲ್ಲ ಎನ್ನುವ ಗುತ್ತಿಗೆದಾರರನ್ನು ನಾನು ಬಲ್ಲೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಸಿಮೆಂಟಿನ ಪ್ರಮಾಣ ಸರಿಯಿದೆಯೇ ಎಂದು ನೋಡಲು ಪ್ರತಿ ಬುಟ್ಟಿಯ ಹಿಂದೆ ಎಂಜಿನಿಯರ್ ನಿಲ್ಲಲಾಗದು. ಯಾರೂ ನೋಡದ ಹೊತ್ತಿನಲ್ಲಿ ಕೈ ತಡೆಯುವುದು ಆತ್ಮಸಾಕ್ಷಿ ಮಾತ್ರ. ಈ ಸೀಮೆಯಲ್ಲಿ ಆ ಆತ್ಮಸಾಕ್ಷಿಗೆ ‘ಕಾಯಕ’ ಎಂಬ ಹೆಸರು ಹನ್ನೆರಡನೆಯ ಶತಮಾನದಿಂದ ಇದೆ.

ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬಾ ಎಂದು ಕಳಿಸಿದವಳು ಲಕ್ಕಮ್ಮ. ಅಳತೆ ಪುಸ್ತಕದಲ್ಲಿ ಇಲ್ಲದ ಘನ ಮೀಟರುಗಳು ಸೇರಿಕೊಳ್ಳುವ ಇಂದಿನ ಕಾಲಕ್ಕೆ ಇದಕ್ಕಿಂತ ಹೊಂದುವ ಕಥೆ ಇನ್ನೊಂದಿಲ್ಲ. ಮನೆಯೊಳಗಿನ ಪ್ರಶ್ನೆ ಲೆಕ್ಕಪರಿಶೋಧನೆಗಿಂತ ಮೊದಲು ಬರುತ್ತದೆ. ಗದುಗಿಗೆ ಹತ್ತಿರದ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ಆ ಕಾಲದ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಬಿರುಕು ಬಿಟ್ಟದ್ದನ್ನು, ಒಡೆದದ್ದನ್ನು ಸರಿಪಡಿಸಲೆಂದೇ ಬಿಟ್ಟ ದತ್ತಿ ಅದು. ಕಟ್ಟುವುದರ ಜೊತೆಗೆ ಕಾಪಾಡುವುದಕ್ಕೂ ಮುಂಚಿತವಾಗಿಯೇ ಹಣ ತೆಗೆದಿರಿಸುವ ವಿವೇಕ ನಮ್ಮ ಹಿರಿಯರಿಗಿತ್ತು.

ಆದರೆ ಶ್ರದ್ಧೆಗೂ ಕುಟುಂಬಕ್ಕೂ ಕತ್ತಲ ಮುಖವಿದೆ. ಸದಸ್ಯರ ಮೈದುನನ ಹೆಸರಿನ ಪರವಾನಗಿ, ಗೃಹಿಣಿಯ ಹೆಸರಿನ ಸಂಸ್ಥೆ, ಟೆಂಡರಿನಿಂದ ತಪ್ಪಿಸಿಕೊಳ್ಳಲು ತುಂಡು ತುಂಡಾಗಿಸಿದ ಕಾಮಗಾರಿ, ಕಳಪೆ ಕೆಲಸ ಮಾಡಿ ಜಾತ್ರೆಗೆ ಕೊಟ್ಟ ದೊಡ್ಡ ದೇಣಿಗೆ ಇವೂ ‘ಮನೆತನ’ ಮತ್ತು ‘ಭಕ್ತಿ’ಯ ಹೆಸರಿನಲ್ಲೇ ನಡೆಯುತ್ತವೆ. ಇದನ್ನು ತಡೆಯಲೆಂದೇ ರಾಜ್ಯ 1999ರಲ್ಲಿ ಪಾರದರ್ಶಕತೆ ಕಾಯ್ದೆ ತಂದಿತು, ಆಮೇಲೆ ಇ-ಪ್ರೊಕ್ಯೂರ್‌ಮೆಂಟ್ ಬಂದಿತು. ಪೆಟ್ಟಿಗೆಯ ಬಳಿ ನಿಂತು ಟೆಂಡರ್ ಹಾಕದಂತೆ ಬೆದರಿಸುವ ಕಾಲ ಹೋಯಿತು. ಆದರೆ ಪಾರದರ್ಶಕತೆ ಕಾರ್ಯಾದೇಶದವರೆಗೆ ಬಂದು ನಿಂತಿತು. ಯಾರಿಗೆ ಕೆಲಸ ಸಿಕ್ಕಿತೆಂಬುದು ಈಗ ಎಲ್ಲರಿಗೂ ತಿಳಿಯುತ್ತದೆ. ಯಾರ ಬಿಲ್ಲು ಯಾರಿಗಿಂತ ಮೊದಲು ಏಕೆ ಪಾವತಿಯಾಯಿತು ಎಂಬುದು ಸಾಮಾನ್ಯರಿಗೆ ತಿಳಿಯುವುದಿಲ್ಲ.

ಭ್ರಷ್ಟಾಚಾರ ಮನೆ ಮಾಡುವುದು ಈ ಕತ್ತಲಿನಲ್ಲಿಯೇ. ರಾಜ್ಯ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಪತ್ರ ಬರೆದು ಶೇ 40ರವರೆಗೆ ಕಮಿಷನ್ ಕೊಡಬೇಕಾಗಿದೆ ಎಂದು ಆರೋಪಿಸಿತು. 2022ರ ಏಪ್ರಿಲ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುತ್ತಿಗೆದಾರರೊಬ್ಬರು ಉಡುಪಿಯ ವಸತಿಗೃಹದಲ್ಲಿ ಪ್ರಾಣ ಕಳೆದುಕೊಂಡರು. 2023ರಲ್ಲಿ ಸರ್ಕಾರ ಬದಲಾಯಿತು, ನ್ಯಾಯಮೂರ್ತಿ ನಾಗಮೋಹನದಾಸ್ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗ ರಚನೆಯಾಗಿ 2025ರಲ್ಲಿ ವರದಿಯೂ ಬಂದಿತು. ಬಾಕಿ ಬಿಲ್ಲಿನ ದೂರು ಮಾತ್ರ ಪಕ್ಷಭೇದವಿಲ್ಲದೆ ಮುಂದುವರಿದಿದೆ. ಅರ್ಥಶಾಸ್ತ್ರ ಹೇಳುವಂತೆ, ಪಾವತಿ ಅನಿಶ್ಚಿತವಾದ ಮಾರುಕಟ್ಟೆಯಲ್ಲಿ ಮೊದಲು ಹಿಂದೆ ಸರಿಯುವವನು ಪ್ರಾಮಾಣಿಕ. ಉಳಿಯುವವನು ತಡದ ಬೆಲೆಯನ್ನು ಟೆಂಡರಿನ ದರದಲ್ಲೋ ಕಾಂಕ್ರೀಟಿನ ಗುಣಮಟ್ಟದಲ್ಲೋ ವಸೂಲು ಮಾಡುವವನು. ಕೊನೆಗೆ ತೆರುವವರು ಆ ರಸ್ತೆಯಲ್ಲಿ ನಡೆಯುವ ನಾವೇ.

<b>ಆಗಬೇಕಾದದ್ದೇನು?</b>

ಮೊದಲನೆಯದು, ಹಣ ಒದಗಿಸದೆ ಕಾರ್ಯಾದೇಶ ಕೊಡುವ ಪರಿಪಾಠ ನಿಲ್ಲಬೇಕು. ಶಂಕುಸ್ಥಾಪನೆಗಳ ಸಂಖ್ಯೆ ಕಡಿಮೆಯಾದರೂ ಚಿಂತೆಯಿಲ್ಲ. ಎರಡನೆಯದು, ಪ್ರತಿ ವಿಭಾಗ ಕಚೇರಿಯೂ ಬಾಕಿ ಬಿಲ್ಲುಗಳ ಜ್ಯೇಷ್ಠತಾ ಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು, ಸರದಿ ಮೀರಿ ಪಾವತಿಸಿದರೆ ಕಾರಣ ಬರೆಯಬೇಕು. ಮೂರನೆಯದು, ನಿಗದಿತ ದಿನ ದಾಟಿದರೆ ಬಡ್ಡಿ ಕೊಡುವ ಷರತ್ತು ಪ್ರತಿ ಕರಾರಿನಲ್ಲಿಯೂ ಇರಬೇಕು. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಪಾವತಿಯಾಗಬೇಕೆಂದು 2006ರ ಕೇಂದ್ರ ಕಾಯ್ದೆ ಹೇಳುತ್ತದೆ. ಕಾಮಗಾರಿ ಗುತ್ತಿಗೆಗೆ ಅದು ಅನ್ವಯಿಸುತ್ತದೆಯೇ ಎಂಬುದು ನ್ಯಾಯಾಲಯಗಳಲ್ಲಿ ವಿವಾದದ ವಿಷಯವಾಗಿರುವಾಗ, ರಾಜ್ಯವೇ ತನ್ನ ನಿಯಮದಲ್ಲಿ ಇದನ್ನು ಸೇರಿಸಲು ಅಡ್ಡಿಯಿಲ್ಲ.

ನಾಲ್ಕನೆಯದಕ್ಕೆ ಗದಗ ಜಿಲ್ಲೆಯೇ ಮಾದರಿಯಾಗಬಲ್ಲದು. ಅಳತೆ ಮುಗಿದು, ಅನುಮೋದನೆಗೊಂಡ ಬಿಲ್ಲಿನ ಆಧಾರದ ಮೇಲೆ ಕಡಿಮೆ ಬಡ್ಡಿಗೆ ಮುಂಗಡ ಕೊಡುವ ವ್ಯವಸ್ಥೆಯನ್ನು ಸಹಕಾರಿ ಬ್ಯಾಂಕುಗಳ ಮೂಲಕ ಆರಂಭಿಸಬಹುದು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ರೈತನನ್ನು ಬಡ್ಡಿ ವ್ಯಾಪಾರಿಯ ಕೈಯಿಂದ ಬಿಡಿಸಲಿಕ್ಕಾಗಿ. ಅಂದು ಬೆಳೆಯ ನಂಬಿಕೆಯ ಮೇಲೆ ಸಾಲ ಸಿಗುವಂತಾಗಿದ್ದರೆ, ಇಂದು ಸರ್ಕಾರದ ಸಹಿಯ ಮೇಲೆ ಸಾಲ ಸಿಗದಿರುವುದು ಆ ಸಹಿಗೆ ಶೋಭೆಯಲ್ಲ.

ಕೆಂಗಲ್ ಹನುಮಂತಯ್ಯನವರು ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆಸಿದರು. ಆ ಮಾತನ್ನು ನೌಕರರು ಎಷ್ಟು ನಂಬಿದ್ದಾರೋ ಹೇಳಲಾರೆ, ಶಿರಹಟ್ಟಿ-ಮುಂಡರಗಿಗಳ ಅನೇಕ ಸಣ್ಣ ಗುತ್ತಿಗೆದಾರರಂತೂ ಅಕ್ಷರಶಃ ನಂಬಿ ದುಡಿಯುತ್ತಿದ್ದಾರೆ. ಕೆಲಸವನ್ನು ದೇವರದೆಂದು ತಿಳಿಯುವುದು ಅವರ ಧರ್ಮ. ಕೂಲಿಯನ್ನೂ ದೇವರಿಗೇ ಬಿಡದೆ ಖಜಾನೆಯಿಂದ ಕಾಲಕ್ಕೆ ಸರಿಯಾಗಿ ಕೊಡುವುದು ಸರ್ಕಾರದ ಧರ್ಮ.