ಕರುಳಿನ ತಂತಿ, ಕಾಂತದ ಪಟ್ಟಿ

ಬಾಖ್‌ನ 'ಮ್ಯೂಸಿಕಲ್ ಆಫರಿಂಗ್' ಕೃತಿಗುಚ್ಛದಲ್ಲಿ ಕೊಳಲು, ಪಿಟೀಲು ಮತ್ತು ಪಕ್ಕವಾದ್ಯಗಳಿಗೆಂದು (ಸಾಮಾನ್ಯವಾಗಿ ಹಾರ್ಪ್ಸಿಕಾರ್ಡ್, ಚೆಲ್ಲೋ) ಬರೆದ ಒಂದು ಟ್ರಿಯೋ ಸೊನಾಟಾ ಇದೆ. ಇಂದಿನ ಬೆಳ್ಳಿಯ ಕೊಳಲು, ಇಂದಿನ ಪಿಟೀಲಿನಲ್ಲಿ ನುಡಿಸಿದ ಧ್ವನಿಮುದ್ರಣವೊಂದನ್ನು ಮೊದಲು ಕೇಳಿ. ಆಮೇಲೆ 1970ರ ದಶಕದಲ್ಲಿ ಬೆಲ್ಜಿಯಂನ ಕಾಯ್ಕೆನ್ ಸಹೋದರರು ಗುಸ್ತಾವ್ ಲಿಯೊನ್‌ಹಾರ್ಟ್ ಜೊತೆ ಸೇರಿ ಹಳೆಯ ಬಗೆಯ ವಾದ್ಯಗಳಲ್ಲಿ ಮಾಡಿದ್ದನ್ನು ಹಾಕಿ. ಥಟ್ಟನೆ ಗೊತ್ತಾಗುವುದು ಶ್ರುತಿ ಇಳಿದಿರುವುದು. ಹಾರ್ಮೋನಿಯಂನಲ್ಲಿ ಪಕ್ಕದ ಮನೆಗೆ ಸರಿದಷ್ಟು. ಇನ್ನಷ್ಟು ಕಿವಿಗೊಟ್ಟರೆ ಕೊಳಲಿನ ಕೆಲವು ಸ್ವರಗಳು ಬಿಚ್ಚುಗಂಠದಲ್ಲೂ ಕೆಲವು ಮುಸುಕಿನೊಳಗಿಂದಲೂ ಬರುತ್ತಿವೆ ಅನ್ನಿಸುತ್ತದೆ.

ಆ ಮುಸುಕಿನ ಮೂಲ ಕೊಳಲಿನ ರಂಧ್ರಗಳಲ್ಲಿದೆ. ಬಾಖ್ ಬದುಕಿದ ಬರೋಕ್ ಕಾಲದ ಮರದ ಕೊಳಲಿಗೆ, ಅಂದರೆ ಟ್ರಾವರ್ಸೋಗೆ, ಆರು ರಂಧ್ರ ಮತ್ತು ಒಂದೇ ಒಂದು ಕೀಲಿ. ಬೆರಳುಗಳನ್ನು ಕೆಳಗಿನಿಂದ ಒಂದೊಂದಾಗಿ ಎತ್ತುತ್ತ ಹೋದರೆ ಡಿ ಮೇಜರ್ ಶ್ರೇಣಿ ಸಲೀಸಾಗಿ ಬರುತ್ತದೆ. ನಡುವಿನ ಸ್ವರ ಬೇಕಾದರೆ ಒಂದು ರಂಧ್ರ ತೆರೆದು, ಅದರ ಕೆಳಗಿನದನ್ನು ಮತ್ತೆ ಮುಚ್ಚಬೇಕು. ರಂಧ್ರ ಚಿಕ್ಕದಾದ್ದರಿಂದ ಗಾಳಿಯ ಅಲೆ ಅಲ್ಲೇ ಪೂರ್ತಿಯಾಗಿ ಹಿಂದಿರುಗದೆ ಇನ್ನಷ್ಟು ಕೆಳಗೆ ಹರಿದು ತಿರುಗುತ್ತದೆ. ಹಾಗಾಗಿ ಸ್ವರ ತಗ್ಗುತ್ತದೆ. ಆದರೆ ಒಂದು ಮಿತಿಗಿಂತ ಮೇಲಿನ ಕಂಪನಗಳು ತೆರೆದ ರಂಧ್ರವನ್ನು ಲೆಕ್ಕಿಸದೆ ದಾಟಿಹೋಗುತ್ತವೆ, ಕೊಳವೆಯೊಳಗೆ ಅನುರಣನಗೊಂಡು ಬಲಿಯುವುದೇ ಇಲ್ಲ. ಸ್ವರಕ್ಕೆ ಹೊಳಪು ಕೊಡುವ ಮೇಲಿನ ಹಾರ್ಮೋನಿಕ್‌ಗಳೇ ಸೊರಗಿದಾಗ ಉಳಿಯುವುದು ಮಂಕು ನಾದ. ಥಿಯೋಬಾಲ್ಡ್ ಬೋಮ್ 1847ರಲ್ಲಿ ದೊಡ್ಡ ರಂಧ್ರಗಳ, ಕೀಲಿಗಳ ಕೊಳಲು ಮಾಡಿ ಈ ತಾರತಮ್ಯವನ್ನು ಹೆಚ್ಚುಕಡಿಮೆ ಅಳಿಸಿಬಿಟ್ಟ.

ಈ ಸೊನಾಟಾದ ಶ್ರುತಿ ಸಿ ಮೈನರ್. ಅದರಲ್ಲಿ ಮತ್ತೆ ಮತ್ತೆ ಬರುವ ಎಫ್, ಎ ಫ್ಲ್ಯಾಟ್, ಬಿ ಫ್ಲ್ಯಾಟ್ ಮೂರೂ ಹೀಗೆ ಮುಚ್ಚಿ ತೆರೆದು ಹೊರಡಿಸಬೇಕಾದ ಸ್ವರಗಳು. ಬಾಖ್‌ಗೆ ಈ ಕೃತಿಯ ಮೂಲ ಧಾಟಿ ಕೊಟ್ಟವನು ಪ್ರಶ್ಯಾದ ದೊರೆ ಎರಡನೇ ಫ್ರೆಡ್ರಿಕ್, 1747ರ ಮೇ 7ರಂದು, ಪಾಟ್ಸ್‌ಡ್ಯಾಮ್ ಅರಮನೆಯಲ್ಲಿ. ದೊರೆ ಸ್ವತಃ ಕೊಳಲು ವಾದಕ. ಅವನ ಗುರು ಕ್ವಾಂಟ್ಸ್ ಕೊಳಲಿನ ಬಗ್ಗೆ 1752ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ತನ್ನ ವಾದ್ಯಕ್ಕೆ ಕಷ್ಟವಾದ ಶ್ರುತಿಯನ್ನೇ ದೊರೆ ಕೊಟ್ಟ, ಬಾಖ್ ಆ ಕಷ್ಟವನ್ನು ಬಣ್ಣವಾಗಿ ಬಳಸಿಕೊಂಡ ಎಂದೇ ನನಗೆ ತೋರುತ್ತದೆ. ಬೆಳ್ಳಿಯ ಕೊಳಲಿನಲ್ಲಿ ಸ್ವರಗಳೆಲ್ಲ ಬರುತ್ತವೆ, ಆ ಬಣ್ಣ ಬರುವುದಿಲ್ಲ.

ಪಿಟೀಲಿನದು ಬೇರೆ ಕಥೆ. ಕುರಿಯ ಕರುಳನ್ನು ಹೊಸೆದು ಮಾಡಿದ ತಂತಿಯೊಳಗೆ ಘರ್ಷಣೆ ಜಾಸ್ತಿ. ಮೇಲಿನ ಹಾರ್ಮೋನಿಕ್‌ಗಳ ಶಕ್ತಿ ಬೇಗನೆ ಶಾಖವಾಗಿ ಕರಗುತ್ತದೆ. ಉಕ್ಕಿನಲ್ಲಿ ಅವು ಉಳಿದುಕೊಂಡು ಚೂಪಾಗಿ ಕೇಳಿಸುತ್ತವೆ. ಕಮಾನು ತಂತಿಯನ್ನು ಹಿಡಿದು ಎಳೆಯುತ್ತದೆ, ಅದು ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಬಾರಿ ನಡೆಯುವ ಈ ಆಟವನ್ನು ಹತ್ತೊಂಬತ್ತನೇ ಶತಮಾನದಲ್ಲಿ ಹೆಲ್ಮ್‌ಹೋಲ್ಟ್ಸ್ ಸೂಕ್ಷ್ಮದರ್ಶಕ ಹಿಡಿದು ನೋಡಿದ. ಬರೋಕ್ ಕಮಾನು ಹೊರಕ್ಕೆ ಬಾಗಿರುತ್ತದೆ, ತುದಿ ಹಗುರ. ಹಾಗಾಗಿ ಪ್ರತಿ ಎಳೆತದಲ್ಲೂ ನಾದ ಉಬ್ಬಿ ತಾನಾಗಿಯೇ ಇಳಿಯುತ್ತದೆ. ಒಳಕ್ಕೆ ಬಾಗಿದ ಇಂದಿನ ಕಮಾನಿನ ಮಾದರಿಯನ್ನು ಫ್ರಾನ್ಸಿನ ಟೂರ್ಟ್ ರೂಪಿಸಿದ್ದು ಬಾಖ್ ತೀರಿಕೊಂಡು ಮೂರು ದಶಕಗಳ ಮೇಲೆ.

ಕರುಳಿನ ತಂತಿ ಬರೋಕ್ ಯುಗದೊಂದಿಗೇ ಮುಗಿಯಿತು ಎಂಬ ತಿಳಿವಳಿಕೆ ಮಾತ್ರ ತಪ್ಪು. ಇಪ್ಪತ್ತನೇ ಶತಮಾನದ ಆರಂಭದವರೆಗೂ ಅದೇ ರೂಢಿ. 1903ರಲ್ಲಿ ಬಾಖ್ ನುಡಿಸಿ ಧ್ವನಿಮುದ್ರಿಕೆ ಕೊಟ್ಟ ಯೋಆಖಿಮ್ ಕಾಲದ ಪಿಟೀಲುಗಾರರಿಗೆ ಅದು ದಿನಬಳಕೆಯ ವಸ್ತು. ವಿಚಿತ್ರವೆಂದರೆ ಬಾಖ್ ಕಾಲದ ಸ್ಟ್ರಾಡಿವಾರಿ ಪಿಟೀಲುಗಳೇ ಹೆಚ್ಚಿನವು ಆಮೇಲೆ ಕತ್ತು ಬದಲಿಸಿಕೊಂಡು, ಒಳಗೆ ಬಲವಾದ ಪಟ್ಟಿ ಸೇರಿಸಿಕೊಂಡು ಹೊಸಬಗೆಯವಾದವು. ಇವತ್ತು ಹಳೆಯ ಮಾದರಿ ನೋಡಿ ಮಾಡಿದ ಹೊಸ ಪಿಟೀಲೇ ಅವಕ್ಕಿಂತ ಬಾಖ್‌ನ ಕಾಲಕ್ಕೆ ಹತ್ತಿರ.

ಶ್ರುತಿಯ ವಿಷಯದಲ್ಲಿ ಹಳೆಯ ಬಗೆಯ ವಾದ್ಯಗಳ ಧ್ವನಿಮುದ್ರಣಗಳು ಸ್ವಲ್ಪ ಜಾಣ ರಾಜಿ ಮಾಡಿಕೊಂಡಿವೆ. ಇಂದಿನ ಮಾನದಂಡದಲ್ಲಿ 'ಎ' ಸ್ವರಕ್ಕೆ 440 ಹರ್ಟ್ಸ್. ಇವು ಸಾಮಾನ್ಯವಾಗಿ 415 ಇಟ್ಟುಕೊಳ್ಳುತ್ತವೆ. ಅಷ್ಟಕ್ಕೇ ತಂತಿಯ ಬಿಗಿತ ನೂರಕ್ಕೆ ಹನ್ನೊಂದರಷ್ಟು ಸಡಿಲ, ಏಕೆಂದರೆ ಬಿಗಿತ ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣ. ಆದರೆ ಬಾಖ್‌ನ ಯೂರೋಪಿನಲ್ಲಿ ಒಂದೇ ಶ್ರುತಿ ಎಲ್ಲಿತ್ತು? ಫ್ರೆಂಚರದು 392ರ ಆಸುಪಾಸು, ವೆನಿಸ್‌ನದು ಇಂದಿನದಕ್ಕೆ ಹತ್ತಿರ, ಕ್ವಾಂಟ್ಸ್‌ಗೆ ಇಷ್ಟವಾದದ್ದು ತಗ್ಗು ಶ್ರುತಿ. 415 ಗೆದ್ದದ್ದು ಅನುಕೂಲಕ್ಕೆ: 440ರಿಂದ ಸರಿಯಾಗಿ ಒಂದು ಸ್ವರಸ್ಥಾನ ಕೆಳಗಿರುವುದರಿಂದ ಹಾರ್ಪ್ಸಿಕಾರ್ಡಿನ ಮನೆಗಳ ಸಾಲನ್ನು ಪಕ್ಕಕ್ಕೆ ಸರಿಸಿದರೆ ಎರಡೂ ಶ್ರುತಿ ಸಿಗುತ್ತವೆ. ಹಾಡುವವರ ಕಂಠ ನೋಡಿ ಶ್ರುತಿ ಇಟ್ಟುಕೊಳ್ಳುವ ನಮಗೆ ಈ ಗಲಾಟೆಯೆಲ್ಲ ಅತಿಯೆನಿಸಬಹುದು.

ಗಾಂಧಾರದ ಗಲಾಟೆ ಮಾತ್ರ ನಮಗೂ ಗೊತ್ತಿರುವುದೇ. ಚೆನ್ನಾಗಿ ಕೂಡಿಸಿದ ತಂಬೂರಿಯ ಷಡ್ಜದಿಂದ ತಾನಾಗಿ ಮೇಲೇಳುವ ಅಂತರ ಗಾಂಧಾರ ಷಡ್ಜದ ಐದನೇ ಹಾರ್ಮೋನಿಕ್. ಷಡ್ಜ 247 ಹರ್ಟ್ಸ್ ಆದರೆ ಅದು 1235ರಲ್ಲಿರುತ್ತದೆ. ಪಿಯಾನೋದ ಸಮಪಾಲು ಶ್ರುತಿಯಲ್ಲಿ ಗಾಂಧಾರ ತುಸು ಏರಿ ಸುಮಾರು 311 ಆಗುತ್ತದೆ. ಅದರ ನಾಲ್ಕನೇ ಹಾರ್ಮೋನಿಕ್ 1245ರ ಹತ್ತಿರ. ಎರಡರ ನಡುವಿನ ವ್ಯತ್ಯಾಸವೇ ಸೆಕೆಂಡಿಗೆ ಹತ್ತು ಬಾರಿ ನಡುಗುವ ಕಿರಿಕಿರಿ. ಬರೋಕ್ ವಾದಕರು ಹಾರ್ಪ್ಸಿಕಾರ್ಡನ್ನು ಅಸಮ ಪಾಲಿನಲ್ಲಿ ಕೂಡಿಸಿ, ಹೆಚ್ಚು ಬಳಸುವ ಗಾಂಧಾರಗಳನ್ನು ಶುದ್ಧವಾಗಿಟ್ಟು, ಅಪರೂಪದವನ್ನು ಒರಟಾಗಲು ಬಿಡುತ್ತಿದ್ದರು. ಕ್ವಾಂಟ್ಸ್ ಇನ್ನೂ ಮುಂದೆ ಹೋಗಿ ಡಿ ಶಾರ್ಪ್‌ಗೆ ಒಂದು, ಇ ಫ್ಲ್ಯಾಟ್‌ಗೆ ಇನ್ನೊಂದು ಕೀಲಿ ಇಡಿಸಿದ. ಪಿಯಾನೋದಲ್ಲಿ ಅವೆರಡೂ ಒಂದೇ ಕರಿ ಮನೆ.

ಇಷ್ಟೆಲ್ಲ ನಾಜೂಕಿನ ವಾದ್ಯಗಳು ಇವತ್ತಿನ ದೊಡ್ಡ ಸಭಾಂಗಣದಲ್ಲಿ ಕಳೆದುಹೋಗುತ್ತವೆ. ಹಾರ್ಪ್ಸಿಕಾರ್ಡಿನ ಮನೆಯನ್ನು ಎಷ್ಟು ಜೋರಾಗಿ ಒತ್ತಿದರೂ ಗರಿಯ ಮೊನೆ ತಂತಿಯನ್ನು ಮೀಟುವ ಬಲ ಹೆಚ್ಚುಕಡಿಮೆ ಅಷ್ಟೇ. ವಾದಕಿ ಲಾಂಡೊವ್ಸ್ಕಾ ಕಬ್ಬಿಣದ ಚೌಕಟ್ಟಿನ ಭಾರಿ ಹಾರ್ಪ್ಸಿಕಾರ್ಡ್ ನುಡಿಸಿದ್ದರ ಹಿಂದೆ ಸಭಾಂಗಣ ತುಂಬುವ ಒತ್ತಾಯವೂ ಇತ್ತು. ಆ ಒತ್ತಾಯವನ್ನು ಇಲ್ಲದಾಗಿಸಿದ್ದು ಮೈಕ್ರೊಫೋನು, ಟೇಪು, ಎಲ್‌ಪಿ ತಟ್ಟೆ. ನಾದಕ್ಕೊಪ್ಪುವ ಹಳೆಯ ಕೋಣೆಗಳಲ್ಲಿ ನುಡಿಸಿ ಮುದ್ರಿಸಿಕೊಳ್ಳುವುದು ಸಾಧ್ಯವಾಯಿತು. ಬವೇರಿಯಾದ ಕಿರ್ಶ್‌ಹೈಮ್‌ನಲ್ಲಿ ಫುಗ್ಗರ್ ಮನೆತನದ ಕೋಟೆಯ ಸೀಡರ್ ಸಭಾಂಗಣ ಕೆತ್ತನೆಯ ಮರದ ಚಾವಣಿಯದು. ಕೊಲೀಜಿಯಂ ಔರಿಯಂ ತಂಡ ಅಲ್ಲಿ ಧ್ವನಿಮುದ್ರಣ ಮಾಡಿತು. ವಿಯೆನ್ನಾದಲ್ಲಿ ಹಾರ್ನನ್‌ಕೋರ್ಟ್ 1953ರಲ್ಲಿ ಕಟ್ಟಿದ ತಂಡಕ್ಕೆ ಕಸಿನೊ ತ್ಸೋಗರ್ನಿಟ್ಸ್ ಎಂಬ ಕಟ್ಟಡ ಒದಗಿತು. ಹಳೆಯ ವಾದ್ಯಗಳ ಈ ಮೇಳದಲ್ಲಿ ಮೈಕ್ರೊಫೋನೇ ಒಂದು ಹೊಸ ವಾದ್ಯ. ಅದಿಲ್ಲದೆ ಉಳಿದವು ಇಷ್ಟು ಜನರ ಕಿವಿಗೆ ಬೀಳುತ್ತಿರಲಿಲ್ಲ.

ಟೇಪಿಗೂ ಕರುಳಿಗೂ ಜಗಳವುಂಟು. ಗಾಳಿಯ ತೇವ ಏರಿಳಿದರೆ ಕರುಳಿನ ತಂತಿಯ ಶ್ರುತಿ ಜಾರುತ್ತದೆ, ಬೆಳಿಗ್ಗೆಯ ತುಣುಕಿಗೆ ಸಂಜೆಯ ತುಣುಕನ್ನು ಅಂಟಿಸಿದರೆ ಕಿವಿ ಒಪ್ಪುವುದಿಲ್ಲ. ಹಾಗಾಗಿ ನುಡಿಸುವುದರ ನಡುನಡುವೆ ಬಿರಡೆ ತಿರುಗಿಸುವ ಕೆಲಸ ತಪ್ಪಿದ್ದಲ್ಲ.

ಮನೆಯಲ್ಲಿ ಕೇಳುವವರು ಕೂಡ ಮೇಳದ ತೂಕ ಕೆಡಿಸಬಲ್ಲರು. ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿದಂತೆ, ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿ ಕೆಳಗಿನ ಸ್ವರಗಳಿಗೆ ಮಂದ, ಜೋರಾದಾಗ ಆ ಮಂದತನ ಕಡಿಮೆ. ಹಾರ್ಪ್ಸಿಕಾರ್ಡನ್ನು ಪಿಯಾನೋದಷ್ಟು ಜೋರು ಮಾಡಿದರೆ ಕೆಳಗಿನ ಚೆಲ್ಲೋ ಇದ್ದದ್ದಕ್ಕಿಂತ ದಪ್ಪವಾಗಿ ಕೇಳಿಸುತ್ತದೆ, ಕೋಣೆಯಲ್ಲಿ ನಿಜವಾಗಿ ಇದ್ದ ತೂಕ ಹೋಗುತ್ತದೆ. ಸದ್ದು ಇಳಿಸಿ ಕೇಳುವುದೇ ಸರಿ. ಅದಕ್ಕೆ ಫ್ಯಾನು ಆರಿಸಬೇಕಾಗುತ್ತದೆ, ಏಪ್ರಿಲ್ ತಿಂಗಳಲ್ಲಿ ಇದು ಸುಲಭದ ಸಲಹೆಯೇನಲ್ಲ.