ಗೋದಾಮು ತುಂಬಿತ್ತು, ಕಾರ್ಡು ಊರಲ್ಲಿತ್ತು

2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಣೆಯಾದ ಲಾಕ್‌ಡೌನ್ ನಾಲ್ಕೇ ತಾಸಿನಲ್ಲಿ ಜಾರಿಗೆ ಬಂತು. ಆಗ ದೇಶದಲ್ಲಿ ಧಾನ್ಯಕ್ಕೆ ಬರ ಇರಲಿಲ್ಲ. ಏಪ್ರಿಲ್ 1ರ ಹೊತ್ತಿಗೆ ಭಾರತೀಯ ಆಹಾರ ನಿಗಮದ ಲೆಕ್ಕದಲ್ಲಿ ಅಕ್ಕಿ, ಗೋಧಿ ಸೇರಿ ಸುಮಾರು 570 ಲಕ್ಷ ಟನ್ ದಾಸ್ತಾನಿತ್ತು. ಆ ದಿನಕ್ಕೆ ಇರಲೇಬೇಕೆಂದು ನಿಗದಿಯಾಗಿದ್ದ ಪ್ರಮಾಣ ಸುಮಾರು 210 ಲಕ್ಷ ಟನ್. ಹೀಗಿದ್ದರೂ, ನಗರಗಳಲ್ಲಿ ಸಿಕ್ಕಿಬಿದ್ದ ಕಾರ್ಮಿಕರ ಕರೆಗಳಿಗೆ ಸ್ಪಂದಿಸುತ್ತಿದ್ದ ಸ್ವಯಂಸೇವಕರ ಜಾಲ 'ಸ್ವಾನ್' ಏಪ್ರಿಲ್ ಮಧ್ಯದಲ್ಲಿ ಪ್ರಕಟಿಸಿದ ವರದಿ ಬೇರೆಯದೇ ಚಿತ್ರ ಕೊಟ್ಟಿತು. ಅದು ಸಂಪರ್ಕಿಸಿದ್ದ ಹನ್ನೊಂದು ಸಾವಿರ ಕಾರ್ಮಿಕರಲ್ಲಿ ಶೇ 96ರಷ್ಟು ಮಂದಿಗೆ ಸರ್ಕಾರದ ಪಡಿತರ ಸಿಕ್ಕಿರಲಿಲ್ಲ. ತುಂಬಿದ ಗೋದಾಮಿಗೂ ಹಸಿದ ಹೊಟ್ಟೆಗೂ ನಡುವೆ ಇದ್ದದ್ದು ಒಂದು ರೇಷನ್ ಕಾರ್ಡು. ಅದು ಹೀಗೇಕಾಯಿತು ಎಂಬುದು ತಿಳಿಯಬೇಕಾದರೆ ಸುಮಾರು ಎಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

ಪಡಿತರ ಹುಟ್ಟಿದ್ದು ಹಳ್ಳಿಗಾಗಿ ಅಲ್ಲ, ಪೇಟೆಗಾಗಿ. ಎರಡನೇ ಮಹಾಯುದ್ಧದ ಕಾಲದಲ್ಲಿ, ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸಾಯುತ್ತಿದ್ದ 1943ರಲ್ಲಿ, ಆಹಾರಧಾನ್ಯ ನೀತಿ ಸಮಿತಿ ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ಪಟ್ಟಣಗಳಲ್ಲಿ ಪಡಿತರ ಜಾರಿಗೆ ಶಿಫಾರಸು ಮಾಡಿತು. ಕಾರ್ಖಾನೆ, ಬಂದರು, ಕಚೇರಿಗಳು ನಡೆಯಬೇಕಾದರೆ ನಗರದವರ ಹೊಟ್ಟೆ ತುಂಬಬೇಕು ಎಂಬುದು ಆಗಿನ ಸರ್ಕಾರದ ಲೆಕ್ಕ. ಹಸಿವಿನಿಂದ ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯ ಕೂಲಿಕಾರರಾಗಿದ್ದರು. ಆ ಲೆಕ್ಕದಲ್ಲಿ ಅವರಿರಲಿಲ್ಲ. 1965ರಲ್ಲಿ ಆಹಾರ ನಿಗಮ ಸ್ಥಾಪನೆಯಾಗಿ, ರೈತರಿಂದ ಬೆಂಬಲ ಬೆಲೆಗೆ ಕೊಂಡ ಧಾನ್ಯವನ್ನು ನ್ಯಾಯಬೆಲೆ ಅಂಗಡಿಗಳಿಗೆ ಮುಟ್ಟಿಸುವ ವ್ಯವಸ್ಥೆ ನೆಲೆಯೂರಿದ ಮೇಲೂ ಪೇಟೆಯ ಕಡೆಗಿನ ವಾಲು ಬಹುಕಾಲ ಉಳಿಯಿತು.

ಹಳ್ಳಿಯ ಕಡೆಗೆ ತಿರುಗಿದ್ದು ನಿಧಾನವಾಗಿ. 1992ರಲ್ಲಿ ಗುಡ್ಡಗಾಡು, ಬರಪೀಡಿತ ಪ್ರದೇಶಗಳ ಸುಮಾರು 1,775 ಬ್ಲಾಕುಗಳಿಗೆ ವಿಶೇಷ ಪಡಿತರ ಬಂತು. 1997ರಲ್ಲಿ ಎಪಿಎಲ್, ಬಿಪಿಎಲ್ ಎಂದು ಕಾರ್ಡುಗಳು ಇಬ್ಭಾಗವಾದವು. 2000ದ ಕೊನೆಗೆ ಕಡುಬಡವರಿಗೆಂದು ಅಂತ್ಯೋದಯ ಸೇರಿತು. ಬಡವರನ್ನು ಆರಿಸಿ ಕೊಡುವ ಈ ಪದ್ಧತಿಯಿಂದ ಉಳಿದ ಹಣಕ್ಕಿಂತ ಆದ ಅನ್ಯಾಯವೇ ದೊಡ್ಡದು, ಏಕೆಂದರೆ ಪಟ್ಟಿಯಿಂದ ಮೊದಲು ಬಿಟ್ಟುಹೋಗುತ್ತಿದ್ದವರು ದನಿಯಿಲ್ಲದವರೇ. 2001ರಲ್ಲಿ ರಾಜಸ್ಥಾನದಲ್ಲಿ ಬರ ಬಿದ್ದು ಜನ ಹಸಿದಿರುವಾಗ ನಿಗಮದ ಗೋದಾಮುಗಳಲ್ಲಿ ಧಾನ್ಯ ಹಾಳಾಗುತ್ತಿದ್ದುದನ್ನು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸುಪ್ರೀಂ ಕೋರ್ಟಿನ ಮುಂದಿಟ್ಟಿತು. ಆ ಮೊಕದ್ದಮೆಯಲ್ಲಿ ಹೊರಬಿದ್ದ ಮಧ್ಯಂತರ ಆದೇಶಗಳೇ ಶಾಲೆಯ ಬಿಸಿಯೂಟವನ್ನು ದೇಶವ್ಯಾಪಿ ಮಾಡಿದವು, ಆಹಾರ ಹಕ್ಕೆಂಬ ಮಾತಿಗೆ ಕಾನೂನಿನ ಬಲ ತಂದವು. ಕೊನೆಗೆ 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂತು. ತಲೆಗೆ ತಿಂಗಳಿಗೆ ಐದು ಕೆಜಿ, ಅಂತ್ಯೋದಯ ಕುಟುಂಬಕ್ಕೆ 35 ಕೆಜಿ. ಅಕ್ಕಿಗೆ ಮೂರು, ಗೋಧಿಗೆ ಎರಡು, ಜೋಳ–ರಾಗಿಯಂಥ ಧಾನ್ಯಕ್ಕೆ ಒಂದು ರೂಪಾಯಿ. ಕರ್ನಾಟಕದಲ್ಲಿ ಅನ್ನಭಾಗ್ಯ ಶುರುವಾದದ್ದೂ ಅದೇ ವರ್ಷ.

ಕಾಯ್ದೆ ಗ್ರಾಮೀಣ ಜನಸಂಖ್ಯೆಯ ಶೇ 75ರವರೆಗೆ, ನಗರದ ಶೇ 50ರವರೆಗೆ ರಕ್ಷಣೆ ಕೊಟ್ಟಿತು. ಪೇಟೆಗಾಗಿ ಹುಟ್ಟಿದ ಪಡಿತರದ ತೂಕ ಈಗ ಹಳ್ಳಿಯ ಕಡೆಗಿತ್ತು. ಬಡವರಲ್ಲಿ ಹೆಚ್ಚಿನವರು ಅಲ್ಲೇ ಇದ್ದುದರಿಂದ ಇದು ಸರಿಯಾದ ನಡೆಯೇ. ಆದರೆ ಬಡವರು ಒಂದೇ ಕಡೆ ಕೂತಿರಲಿಲ್ಲ. ರಾಯಚೂರು, ಯಾದಗಿರಿಯವರು ಬೆಂಗಳೂರಿಗೆ ಗುಳೆ ಬರುವಂತೆ, ಬಿಹಾರ, ಒಡಿಶಾದವರು ಅದೇ ಬೆಂಗಳೂರಿನ ಕಟ್ಟಡಗಳಿಗೆ ಬರುತ್ತಿದ್ದರು. ರಾಜ್ಯದಿಂದ ರಾಜ್ಯಕ್ಕೆ ವರ್ಷಕ್ಕೆ ಸರಾಸರಿ 90 ಲಕ್ಷ ಜನ ವಲಸೆ ಹೋಗುತ್ತಿದ್ದಾರೆಂದು 2016–17ರ ಆರ್ಥಿಕ ಸಮೀಕ್ಷೆಯೇ ಅಂದಾಜಿಸಿತ್ತು. ಕಾರ್ಡು ಮಾತ್ರ ಊರಿನ ಒಂದೇ ಅಂಗಡಿಗೆ ಅಂಟಿಕೊಂಡಿತ್ತು. ಇನ್ನೊಂದು ತೊಡಕು ಲೆಕ್ಕದ್ದು. ಫಲಾನುಭವಿಗಳ ಮಿತಿ 2011ರ ಜನಗಣತಿಯ ಆಧಾರದ ಮೇಲೆ 81.35 ಕೋಟಿಗೆ ನಿಂತುಬಿಟ್ಟಿತು. ಜನಸಂಖ್ಯೆ ಬೆಳೆದದ್ದರಿಂದಲೇ 2020ರ ಹೊತ್ತಿಗೆ ಹತ್ತು ಕೋಟಿಗೂ ಹೆಚ್ಚು ಜನ ಹೊರಗುಳಿದಿದ್ದರೆಂದು ಅರ್ಥಶಾಸ್ತ್ರಜ್ಞ ಜ್ಯಾಂ ದ್ರೆಜ್ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದರು.

ಕಾರ್ಡನ್ನು ಅಂಗಡಿಯಿಂದ ಬಿಡಿಸುವ ಕೆಲಸ ಆ ವೇಳೆಗೆ ಶುರುವಾಗಿತ್ತು. 2012ರಲ್ಲೇ ಛತ್ತೀಸಗಢವು ರಾಯಪುರದಲ್ಲಿ ಕಾರ್ಡುದಾರರು ತಮಗೆ ಬೇಕಾದ ಅಂಗಡಿಯಲ್ಲಿ ಪಡಿತರ ಪಡೆಯುವ ವ್ಯವಸ್ಥೆ ತಂದಿತ್ತು. ಹೀಗೆ ಮಾಡಿದರೆ ತೂಕದಲ್ಲಿ ಮೋಸ ಮಾಡುವ ಅಂಗಡಿಗೆ ಗಿರಾಕಿ ತಪ್ಪುತ್ತದೆ. ಬಡವರ ಕೈಗೆ ಆಯ್ಕೆಯ ಬಲ ಬರುತ್ತದೆ. ಆಂಧ್ರವೂ ಅದೇ ದಾರಿ ಹಿಡಿಯಿತು. 2019ರ ಆಗಸ್ಟ್‌ನಲ್ಲಿ ಆಂಧ್ರ–ತೆಲಂಗಾಣ, ಗುಜರಾತ್–ಮಹಾರಾಷ್ಟ್ರ ಜೋಡಿಗಳ ನಡುವೆ 'ಒಂದು ದೇಶ, ಒಂದು ಪಡಿತರ ಚೀಟಿ' ಆರಂಭವಾಯಿತು. 2020ರ ಜನವರಿ 1ಕ್ಕೆ ಕರ್ನಾಟಕ ಸೇರಿ 12 ರಾಜ್ಯಗಳು ಇದರಲ್ಲಿದ್ದವು. ಬಿಹಾರ, ಉತ್ತರ ಪ್ರದೇಶ, ಒಡಿಶಾ, ಪಶ್ಚಿಮ ಬಂಗಾಳ ಇರಲಿಲ್ಲ. ಅಂದರೆ ಕಾರ್ಮಿಕರನ್ನು ಅತಿ ಹೆಚ್ಚು ಕಳಿಸುವ ರಾಜ್ಯಗಳೇ ಹೊರಗಿದ್ದವು. ಮೂರು ತಿಂಗಳು ತುಂಬುವುದರೊಳಗೆ ಲಾಕ್‌ಡೌನ್ ಬಂತು.

ಮಾರ್ಚ್ 26ರಂದು ಕೇಂದ್ರ ಸರ್ಕಾರ ಗರೀಬ್ ಕಲ್ಯಾಣ ಪ್ಯಾಕೇಜ್ ಪ್ರಕಟಿಸಿತು. ಕಾರ್ಡಿದ್ದವರಿಗೆ ಆಗ ಸಿಗುತ್ತಿದ್ದುದರ ಮೇಲೆ ತಲೆಗೆ ಇನ್ನೂ ಐದು ಕೆಜಿ ಧಾನ್ಯ ಉಚಿತ, ಕುಟುಂಬಕ್ಕೆ ಒಂದು ಕೆಜಿ ಬೇಳೆ. ಮಹಿಳೆಯರ ಜನ್ ಧನ್ ಖಾತೆಗೆ ತಿಂಗಳಿಗೆ 500 ರೂಪಾಯಿಯಂತೆ ಮೂರು ಕಂತು. ಹಣದ ಮೊತ್ತ ತೀರ ಸಣ್ಣದು. ಧಾನ್ಯ ಮಾತ್ರ ಹಳ್ಳಿಗಳಲ್ಲಿ ನಿಜಕ್ಕೂ ಕೈ ಹಿಡಿಯಿತು. ಅಂಗಡಿ, ಪಟ್ಟಿ, ಲಾರಿ, ಗೋದಾಮು ಎಲ್ಲವೂ ಮೊದಲೇ ಇದ್ದುದರಿಂದ ಪಾಲನ್ನು ಇಮ್ಮಡಿ ಮಾಡಿದರೆ ಸಾಕಾಗಿತ್ತು. ಸಾಂಕ್ರಾಮಿಕ ಬಂದ ಮೇಲೆ ಹೊಸದಾಗಿ ಪಟ್ಟಿ ಮಾಡಲು ಹೊರಟ ಎಷ್ಟೋ ಬಡ ದೇಶಗಳಿಗೆ ಈ ಅನುಕೂಲ ಇರಲಿಲ್ಲ.

ನಗರದ ಶೆಡ್ಡುಗಳಲ್ಲಿದ್ದವರ ಪಾಡು ಬೇರೆ. ಅವರ ಪಾಲಿನ ಧಾನ್ಯ ಅವರಿಲ್ಲದ ಊರಿಗೆ ಹೋಯಿತು. ಕೆಲಸ ನಿಂತಿತ್ತು, ಕೂಲಿ ಬಾಕಿಯಿತ್ತು; ಜನ ಹೆದ್ದಾರಿ ಹಿಡಿದು ನಡೆದರು. ಮೇ 1ರಿಂದ ಶ್ರಮಿಕ್ ರೈಲುಗಳು ಹೊರಟವು. ಕರ್ನಾಟಕ ಸರ್ಕಾರ ಬಿಲ್ಡರ್‌ಗಳ ಜೊತೆ ಸಭೆ ನಡೆಸಿದ ಬಳಿಕ ಈ ರೈಲುಗಳನ್ನು ರದ್ದುಪಡಿಸಿ, ತೀವ್ರ ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ಕಾರ್ಮಿಕರನ್ನು ದುಡಿಯುವ ಕೈಗಳಾಗಿ ಮಾತ್ರ ಕಂಡ ನಿರ್ಧಾರ ಅದು. ಕಾರ್ಡಿಲ್ಲದ ಎಂಟು ಕೋಟಿ ವಲಸಿಗರಿಗೆ ಎರಡು ತಿಂಗಳು ಉಚಿತ ಧಾನ್ಯ ಎಂಬ ಕೇಂದ್ರದ ಘೋಷಣೆ ಬಂದದ್ದು ಮೇ 14ಕ್ಕೆ, ಲಾಕ್‌ಡೌನ್ ಆಗಿ ಏಳು ವಾರ ಕಳೆದ ಮೇಲೆ. ಅಷ್ಟರಲ್ಲಿ ಬಹಳ ಮಂದಿ ನಗರ ಬಿಟ್ಟಿದ್ದರು. ಹೀಗೆ ಮಂಜೂರಾದ ಎಂಟು ಲಕ್ಷ ಟನ್ ಧಾನ್ಯ ಪೂರ್ತಿ ಹಂಚಿಕೆಯಾಗಲೇ ಇಲ್ಲ. ಇದಕ್ಕೂ ಮೊದಲೇ ದೆಹಲಿಯಲ್ಲಿ ಕಾರ್ಡಿಲ್ಲದವರಿಗೂ ಇ–ಕೂಪನ್ ಮೂಲಕ ಧಾನ್ಯ ಸಿಗುತ್ತಿತ್ತು. ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳು ಸಮುದಾಯ ಅಡುಗೆಮನೆ ನಡೆಸುತ್ತಿದ್ದವು. ದಾರಿ ಇತ್ತು ಎಂಬುದಕ್ಕೆ ಇವೇ ಸಾಕ್ಷಿ.

ಆ ವರ್ಷ ಬಡತನ ಎಷ್ಟು ಹೆಚ್ಚಿತು ಎಂಬುದರ ಬಗ್ಗೆ ಒಮ್ಮತವಿಲ್ಲ. ಸುಮಾರು 5.6 ಕೋಟಿ ಭಾರತೀಯರು ಕಡುಬಡತನಕ್ಕೆ ಬಿದ್ದಿರಬಹುದೆಂದು ವಿಶ್ವಬ್ಯಾಂಕ್ ಅಂದಾಜಿಸಿತು. ಉಚಿತ ಧಾನ್ಯವನ್ನೂ ಲೆಕ್ಕಕ್ಕೆ ಹಿಡಿದರೆ ಕಡುಬಡತನ ಶೇ 1ರೊಳಗೇ ಉಳಿಯಿತೆಂದು ಅಂತಾರಾಷ್ಟ್ರೀಯ ಹಣಕಾಸು ನಿಧಿ ಪ್ರಕಟಿಸಿದ ಒಂದು ಪ್ರಬಂಧ ವಾದಿಸಿತು. 2011–12ರ ನಂತರದ ಬಳಕೆ ವೆಚ್ಚ ಸಮೀಕ್ಷೆ ಆಗಿನ್ನೂ ಪ್ರಕಟವಾಗಿರಲಿಲ್ಲವಾದ್ದರಿಂದ ಇಬ್ಬರೂ ಊಹೆಯ ನೆಲದ ಮೇಲೇ ನಿಂತಿದ್ದರು.

2021ರ ಜೂನ್ 29ರಂದು ಸುಪ್ರೀಂ ಕೋರ್ಟು, ಜುಲೈ ಮುಗಿಯುವುದರೊಳಗೆ ಎಲ್ಲ ರಾಜ್ಯಗಳೂ ಒಂದೇ ಪಡಿತರ ಚೀಟಿ ವ್ಯವಸ್ಥೆಗೆ ಬರಬೇಕೆಂದು ಆದೇಶಿಸಿತು. ದಾರಿ ತೋರಿಸಿದ್ದ ಛತ್ತೀಸಗಢವೇ ಸೇರಿದ್ದು 2022ರ ಫೆಬ್ರುವರಿಯಲ್ಲಿ, ಕೊನೆಯದಾಗಿ ಅಸ್ಸಾಂ ಅದೇ ವರ್ಷದ ಜೂನ್‌ನಲ್ಲಿ. ಈಗ ಗಂಡ ಬೆಂಗಳೂರಿನಲ್ಲಿ ತನ್ನ ಪಾಲು ತೆಗೆದುಕೊಂಡರೆ, ಹೆಂಡತಿ–ಮಕ್ಕಳು ಊರಿನಲ್ಲಿ ಉಳಿದದ್ದನ್ನು ಪಡೆಯಬಹುದು. ಆದರೆ ರಾಜ್ಯಗಳು ತಮ್ಮ ಲೆಕ್ಕದಲ್ಲಿ ಕೊಡುವ ಹೆಚ್ಚುವರಿ ಧಾನ್ಯ ಗಡಿ ದಾಟುವುದಿಲ್ಲ. ಯಂತ್ರದಲ್ಲಿ ಹೆಬ್ಬೆಟ್ಟಿನ ಗುರುತು ಮೂಡಬೇಕು. ಗಾರೆ ಕೆಲಸದಲ್ಲಿ ಸವೆದ ಬೆರಳುಗಳಿಗೆ ಅದೂ ಸುಲಭವಲ್ಲ.

ಸಾಂಕ್ರಾಮಿಕಕ್ಕೆಂದು ಬಂದ ಹೆಚ್ಚುವರಿ ಐದು ಕೆಜಿ 2022ರ ಡಿಸೆಂಬರ್‌ಗೆ ನಿಂತಿತು. 2023ರ ಜನವರಿಯಿಂದ ಕಾಯ್ದೆಯ ಮೂಲ ಪಾಲೇ ಉಚಿತವಾಯಿತು. 2024ರಿಂದ ಅದನ್ನು ಐದು ವರ್ಷಕ್ಕೆ ಮುಂದುವರಿಸಲಾಗಿದೆ. ಪಟ್ಟಿಯ ತೊಡಕು ಮಾತ್ರ ಹಾಗೇ ಇದೆ. ಅಸಂಘಟಿತ ಕಾರ್ಮಿಕರಿಗಾಗಿ 2021ರಲ್ಲಿ ಆರಂಭವಾದ ಇ–ಶ್ರಮ್‌ನಲ್ಲಿ ಹೆಸರು ಬರೆಸಿದ ಸುಮಾರು 28.6 ಕೋಟಿ ಮಂದಿಯಲ್ಲಿ ಎಂಟು ಕೋಟಿ ಜನರಿಗೆ ರೇಷನ್ ಕಾರ್ಡೇ ಇಲ್ಲವೆಂಬುದು 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಯಲಾಯಿತು. ಅವರಿಗೆ ಕಾರ್ಡು ಕೊಡಲು ಕೋರ್ಟು ಗಡುವು ವಿಧಿಸಿತು, ಆಮೇಲೆ ಮತ್ತೆ ಮತ್ತೆ ಎಚ್ಚರಿಸಿತು. 2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ನಿಗದಿಯಾಗಿದೆ. ಅದರ ಅಂಕಿಅಂಶ ಬರುವವರೆಗೆ ಕಾಯದೆ, ಬಿಟ್ಟುಹೋದವರಿಗೆ ಈಗಲೇ ಕಾರ್ಡು ಕೊಡುವುದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಕರ್ತವ್ಯ.